ಬುಡ್ಡಣ್ಣನ ಕನ್ನಡಕ ತೀರಿಕೊಂಡದ್ದು

ಓವನ್ನಿನ ಬಾಗಿಲು ತೆಗೆದಾಗಲೆಲ್ಲ ಬುಡ್ಡಣ್ಣನ ಪಾಲಿಗೆ ಪ್ರಪಂಚ ಮಾಯವಾಗುತ್ತಿತ್ತು. ಬಿಸಿಗಾಳಿ ಭುಸ್ಸೆಂದು ಮುಖಕ್ಕೆ ಹೊಡೆದು, ಸೋಡಾಬುಡ್ಡಿಯಷ್ಟು ದಪ್ಪದ ಕನ್ನಡಕದ ಮೇಲೆ ಹಬೆ ಕೂತು, ಎದುರಿಗಿರುವುದು ಬೆಂದ ಬನ್ನೋ ಬೇಕರಿ ಯಜಮಾನರ ಬೋಳುತಲೆಯೋ ತಿಳಿಯುತ್ತಿರಲಿಲ್ಲ. (ಒಮ್ಮೆ ಎರಡನೆಯದಕ್ಕೇ ಬೆಣ್ಣೆ ಸವರಿಬಿಟ್ಟಿದ್ದ.) ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಆ ಕನ್ನಡಕ ಮೂಗೇರಿದ ದಿನದಿಂದ ಬೀದಿಯವರು, ಬೇಕರಿಯವರು, ಕೊನೆಗೆ ಮದುವೆಯಾದ ಹೆಂಡತಿಯೂ ಬುಡ್ಡಣ್ಣ ಎಂದೇ ಕರೆಯುತ್ತಿದ್ದರು.

ಇಷ್ಟನ್ನಾದರೂ ಅವನು ಸಹಿಸಿಕೊಂಡಿದ್ದ. ಆದರೆ ಒಂದು ದಿನ ಒರೆಸಲೆಂದು ಮೇಜಿನ ಮೇಲಿಟ್ಟ ಕನ್ನಡಕ ಕಾಣದಾಯಿತು. ಕನ್ನಡಕ ಹುಡುಕಲು ಕನ್ನಡಕ ಬೇಕಲ್ಲ. ಅದು ಹಿಟ್ಟಿನೊಳಗೆ ಸೇರಿ, ಅಚ್ಚಿನೊಳಗೆ ಉಬ್ಬಿ, ಓವನ್ನಿನೊಳಗೆ ಹದವಾಗಿ ಬೆಂದು, ಮರುದಿನ ಗಿರಾಕಿಯೊಬ್ಬರ ತಿಂಡಿಯ ತಟ್ಟೆಯಲ್ಲಿ ಪ್ರತ್ಯಕ್ಷವಾಯಿತು. ಗಿರಾಕಿ ಒಳ್ಳೆಯವರು. ಬೈಯಲಿಲ್ಲ. ಹಾಕಿ ನೋಡಿದೆ, ಕಿವಿಯ ಹತ್ತಿರ ಸ್ವಲ್ಪ ಸಡಿಲ ಎಂದು ವಾಪಸ್ಸು ಕೊಟ್ಟರು. ಓದುವ ಕನ್ನಡಕವಿರುವ ಬ್ರೆಡ್ಡು ಯಾವಾಗ ಬರುತ್ತದೆ ಎಂದೂ ವಿಚಾರಿಸಿ ಹೋದರು.

ಅಂದು ಸಂಜೆ ಬುಡ್ಡಣ್ಣ ಘೋಷಣೆ ಮಾಡಿದ. "ನಾನು ಲೇಸರ್ ಮಾಡಿಸ್ಕೋತೀನಿ."

ಹೆಂಡತಿ ತಲೆ ಎತ್ತುವ ಮೊದಲೇ ಕಿಟಕಿಯ ಪಕ್ಕದ ಕುರ್ಚಿಯಿಂದ ತೀರ್ಪು ಬಂತು. ಆ ಕುರ್ಚಿ ಅವನ ಅತ್ತೆಯದು. ಅಲ್ಲಿ ಕೂತು ಅವರು ಬೀದಿಯ ಆಗುಹೋಗುಗಳನ್ನೂ ಅಳಿಯನ ಆಗುಹೋಗುಗಳನ್ನೂ ಏಕಕಾಲಕ್ಕೆ ನೋಡಿಕೊಳ್ಳುತ್ತಿದ್ದರು.

"ಏನಂದ್ರಿ ಅಳಿಯಂದ್ರೇ? ದೇವರು ಕೊಟ್ಟ ಕಣ್ಣಿಗೆ ಬೆಂಕಿ ಇಡಿಸ್ಕೋತೀರಾ?"

"ಬೆಂಕಿ ಅಲ್ಲ ಅತ್ತೆ, ಬೆಳಕು. ಮೇಲಿನ ತೆಳು ಪದರ ಎತ್ತಿ, ಒಳಗೆ ಬೆಳಕಿನಿಂದ ಸವರಿ, ಮತ್ತೆ ಪದರ ಮುಚ್ಚೋದು. ಪಫ್ಸ್ ಇದ್ದ ಹಾಗೆ."

"ಅದನ್ನೇ ನಾನೂ ಹೇಳಿದ್ದು. ಬೇಯಿಸ್ತಾರೆ. ನನ್ನ ಮಾತು ಮೀರಿ ಹೋದ್ರೆ ಆಮೇಲೆ ನಾನು ಈ ಮನೇಲಿ ಒಂದು ಕ್ಷಣ ಇರಲ್ಲ, ತಿಳ್ಕೊಳ್ಳಿ."

ಇಂಥ ಭರ್ಜರಿ ಆಮಿಷ ಒಡ್ಡಿದರೂ ಬುಡ್ಡಣ್ಣ ಬಾಯಿ ಮುಚ್ಚಿಕೊಂಡ. ಆದರೆ ಮನಸ್ಸು ಮುಚ್ಚಿಕೊಳ್ಳಲಿಲ್ಲ. ಅತ್ತೆ ಕಿರಿಮಗಳ ಮನೆಗೆ ಹೋಗಿಬರುತ್ತೇನೆಂದು ಹೊರಟ ಮರುದಿನವೇ ಗಂಡ ಹೆಂಡತಿ ಇಬ್ಬರೂ ಕಣ್ಣಿನ ಆಸ್ಪತ್ರೆಗೆ ಹೋದರು. ಯಾರಿಗೂ ಹೇಳಲಿಲ್ಲ. ಒಂದು ವೇಳೆ ಕಣ್ಣು ಸರಿಹೋಗದಿದ್ದರೆ ಬೀದಿಯವರು ಇನ್ನೇನು ಹೆಸರಿಡುತ್ತಾರೋ ಎಂಬ ಭಯ.

ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ ಮರಗಟ್ಟಿಸಿದರು, ರೆಪ್ಪೆಗೆ ಕ್ಲಿಪ್ಪು ಸಿಕ್ಕಿಸಿದರು, ದೀಪ ನೋಡಿ ಎಂದರು. ಮಿಷನ್ನು ಟಕಟಕ ಎಂದಿತು. ಸುಟ್ಟ ಕೂದಲಿನಂಥ ವಾಸನೆ ಬಂತು. "ಏಳಿ" ಎಂದರು. ಬುಡ್ಡಣ್ಣ ಎದ್ದ. ಅಷ್ಟೇ. ತಾನು ಮನಸ್ಸಿನಲ್ಲಿ ಮಾಡಿಕೊಂಡಿದ್ದ ಸಿದ್ಧತೆಗೆ ಇದು ತೀರಾ ಕಡಿಮೆಯಾಯಿತೆಂದು ಅವನಿಗೆ ಸ್ವಲ್ಪ ಬೇಸರವೂ ಆಯಿತು. ಡಾಕ್ಟರು ಕಪ್ಪು ಕನ್ನಡಕ ತೊಡಿಸಿ ಹೇಳಿದರು: "ಸಂಜೆವರೆಗೂ ಕಣ್ಣು ಮುಚ್ಕೊಂಡೇ ಇರಿ. ಉರಿಯುತ್ತೆ, ನೀರು ಸುರಿಯುತ್ತೆ, ಹೆದರ್ಬೇಡಿ. ಏನೇ ಆದ್ರೂ ಉಜ್ಜಬೇಡಿ. ಯಾವ ಕಾರಣಕ್ಕೂ ಅಳಬೇಡಿ. ನಾಳೆ ಬಂದು ತೋರಿಸಿ."

ಮನೆಗೆ ಬಂದ ಮೇಲೆ ಮರಗಟ್ಟಿದ್ದು ಇಳಿಯಿತು, ಉರಿ ಏರಿತು. ಎರಡೂ ಕಣ್ಣುಗಳಿಂದ ನಲ್ಲಿ ಬಿಟ್ಟಂತೆ ನೀರು. ಹೆಂಡತಿ ಪರದೆಗಳನ್ನೆಲ್ಲ ಎಳೆದು, ಮುಂದಿನ ಕೋಣೆಯ ಸೋಫಾದ ಮೇಲೆ ಗಂಡನನ್ನು ಸ್ಥಾಪಿಸಿ, ಕೈಗೆ ಕರವಸ್ತ್ರ ಕೊಟ್ಟಳು.

"ಒಂದು ಔಷಧಿ ಅಲ್ಲಿ ಸಿಗಲಿಲ್ಲ ರೀ, ತಂದುಬಿಡ್ತೀನಿ. ಕಣ್ಣು ಬಿಡ್ಬೇಡಿ. ಬಾಯಿನೂ ಜಾಸ್ತಿ ಬಿಡ್ಬೇಡಿ."

ಅವಳು ಹೋಗುವಾಗ ಬಾಗಿಲನ್ನು ಓರೆ ಮಾಡಿ ಹೋಗಿದ್ದಳು. ಆ ಸಂದಿಯಿಂದ ಎದುರುಮನೆಯ ಮೇಷ್ಟ್ರು ತಲೆ ಹಾಕಿದರು. ಶಾಲೆಯಲ್ಲಿ ಬದುಕಿಡೀ ವ್ಯಾಕರಣ ಕಲಿಸಿ ನಿವೃತ್ತರಾದವರು. ಈಗ ಬೀದಿಯ ಮಾತುಗಳನ್ನು ತಿದ್ದಿಕೊಂಡು ಕಾಲ ಕಳೆಯುತ್ತಿದ್ದರು. ಏಣಿ ಕೇಳಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಹಗಲು ಹೊತ್ತಿನಲ್ಲಿ ಕತ್ತಲೆ. ಕಪ್ಪು ಕನ್ನಡಕದ ಕೆಳಗೆ ಧಾರಾಕಾರ ಕಣ್ಣೀರು. ಕಿಟಕಿಯ ಪಕ್ಕದ ಕುರ್ಚಿ ಖಾಲಿ. ಮೇಷ್ಟ್ರು ಎಂಥೆಂಥ ಕಠಿಣ ಪದ್ಯಗಳನ್ನೋ ಬಿಡಿಸಿ ಅರ್ಥ ಹೇಳಿದ್ದವರು. ಇದು ಅವರಿಗೆ ಯಾವ ಲೆಕ್ಕ?

ಮೆಲ್ಲಗೆ ಬಂದು ಪಕ್ಕದಲ್ಲಿ ಕೂತು ಬುಡ್ಡಣ್ಣನ ಕೈ ಹಿಡಿದುಕೊಂಡರು.

"ಯಾವಾಗ ಆಯ್ತು?"

ದನಿ ಗುರುತಿಸಿದ ಬುಡ್ಡಣ್ಣನಿಗೆ ಗುಟ್ಟು ರಟ್ಟಾಯಿತಲ್ಲ ಎಂದು ಮುಜುಗರವಾಯಿತು. "ಬೆಳಿಗ್ಗೆ, ಮೇಷ್ಟ್ರೇ."

"ನಮಗೆ ಒಂದು ಮಾತು ಹೇಳ್ಬಾರದಾಗಿತ್ತೇ?"

"ಸುಮ್ನೆ ಗದ್ದಲ ಯಾಕೆ ಅಂತ ನಾವಿಬ್ಬರೇ ಹೋಗಿ ಮುಗಿಸ್ಕೊಂಡು ಬಂದ್ವಿ."

"ಎಲ್ಲಾ ಮುಗಿಸ್ಕೊಂಡೇ ಬಂದ್ರಾ?"

"ಈಗ ಅದಕ್ಕೇನು ಹೊತ್ತು ಹಿಡಿಯುತ್ತೆ? ಹೊಸ ಮಿಷನ್ ಬಂದಿದೆ. ಮಲಗಿಸ್ತಾರೆ, ಗುಂಡಿ ಒತ್ತುತಾರೆ, ಆಯ್ತು. ಸ್ವಲ್ಪ ಸುಟ್ಟ ವಾಸನೆ ಬಂತು, ಅಷ್ಟೇ. ದಿನಾ ಓವನ್ ಮುಂದೆ ನಿಲ್ಲೋನಿಗೆ ಅದೇನು ಹೊಸದಾ?"

ಮೇಷ್ಟ್ರು ಹಿಡಿದಿದ್ದ ಕೈಯನ್ನು ಸ್ವಲ್ಪ ಸಡಿಲಿಸಿದರು. "ಆದ್ರೂ ಇಷ್ಟು ವರ್ಷ ಜೊತೆಗಿದ್ದು..."

"ಹೌದು, ವರ್ಷಗಟ್ಟಲೆ ಮೂಗಿನ ಮೇಲೇ ಕೂತಿತ್ತು. ಇವತ್ತು ತಲೆ ಎಷ್ಟು ಹಗುರ ಆಗಿದೆ ಗೊತ್ತಾ ಮೇಷ್ಟ್ರೇ? ಬೆಳಿಗ್ಗೆ ಎದ್ರೆ ಮೊದಲು ಅದು ಎಲ್ಲಿದೆ ಅಂತ ನೋಡ್ಬೇಕಿತ್ತು. ಅದು ಇಲ್ದೆ ಬಚ್ಚಲಿಗೂ ಹೋಗೋ ಹಾಗಿರಲಿಲ್ಲ."

ಮೇಷ್ಟ್ರಿಗೆ ಸಾವಿಗಿಂತ ದೊಡ್ಡ ಆಘಾತ ಈಗ ಆಯಿತು. ಹೆಣ್ಣು ಕೊಟ್ಟ ತಾಯಿ, ಸ್ತ್ರೀಲಿಂಗ, ಗೌರವ ಸೂಚಕ ಬಹುವಚನಕ್ಕೆ ಎಲ್ಲ ರೀತಿಯಲ್ಲೂ ಅರ್ಹರು. ಅಂಥವರನ್ನು ಈ ಮನುಷ್ಯ ನಪುಂಸಕಲಿಂಗದ ಏಕವಚನಕ್ಕೆ ಇಳಿಸಿದ್ದಾನೆ.

"'ಅದು' ಅಂತೀರಲ್ಲ ಬುಡ್ಡಣ್ಣ, ಇವತ್ತಾದ್ರೂ ಮರ್ಯಾದೆ ಬೇಡವೇ?"

"ಮತ್ತೆ 'ಅವರು' ಅನ್ನಬೇಕಾ?" ಎಂದು ಬುಡ್ಡಣ್ಣ ನಕ್ಕ. ನಕ್ಕದ್ದಕ್ಕೆ ಕಣ್ಣು ಇನ್ನಷ್ಟು ಉರಿದು ಇನ್ನಷ್ಟು ನೀರು ಸುರಿಯಿತು. ಅತ್ತು ನಗುವ, ನಕ್ಕು ಅಳುವ ಈ ಮುಖ ನೋಡಿ ಮೇಷ್ಟ್ರಿಗೆ ಕೋಪ ಇಳಿದು ಕರುಣೆ ಹುಟ್ಟಿತು. ದುಃಖ ತಲೆಗೇರಿದಾಗ ಲಿಂಗ ವಚನಗಳು ಯಾರಿಗೆ ನೆನಪಿರುತ್ತವೆ?

"ಈಗ ಎಲ್ಲಿಟ್ಟಿದ್ದೀರಿ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಡಬ್ಬೀಲಿ ಹಾಕಿ ಅಟ್ಟದ ಮೇಲಿಟ್ಟಿದ್ದೀನಿ. ಇವಳು ಕಸದ ಬುಟ್ಟಿಗೆ ಹಾಕಿ ಅಂದ್ಲು. ನನಗೇ ಮನಸ್ಸು ಬರಲಿಲ್ಲ."

ಮೇಷ್ಟ್ರು ಎದ್ದರು. ಸ್ವಂತ ಮಗಳೇ ಹಾಗೆಂದಳೇ ಎಂದು ಗೊಣಗುತ್ತಾ ತೂರಾಡುವಂತೆ ಹೊರಗೆ ಹೋದರು. ಹೋದವರು ಅಟ್ಟದ ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾವಿನ ವಿಷಯವನ್ನು ಮಾತ್ರ ಬೀದಿಗೆ ಹಂಚಿದರು.

ಇತ್ತ ಬುಡ್ಡಣ್ಣ ಆಸ್ಪತ್ರೆಯವರು ಕೊಟ್ಟ ಮಾತ್ರೆಯ ದಯೆಯಿಂದ ಕೂತಲ್ಲೇ ನಿದ್ದೆಹೋದ. ಎಚ್ಚರವಾದಾಗ ಕೋಣೆಯ ತುಂಬ ಉಸಿರಾಟ. ಯಾರೋ ಮೂಗು ಸೀಟುತ್ತಿದ್ದಾರೆ. ಹೂವಿನ ವಾಸನೆ. ತನ್ನದೇ ಬೇಕರಿಯ ಬ್ರೆಡ್ಡಿನ ವಾಸನೆ. ಅಂದರೆ ಯಜಮಾನರೂ ಬಂದಿದ್ದಾರೆ. ಕಣ್ಣು ಬಿಡುವಂತಿಲ್ಲ. ತನ್ನ ಕಣ್ಣು ಸರಿಹೋದದ್ದಕ್ಕೆ ಬೀದಿಗೆ ಬೀದಿಯೇ ಇಷ್ಟೊಂದು ಭಾವುಕವಾಗಿದೆಯಲ್ಲ ಎಂದು ಅವನ ಎದೆ ತುಂಬಿಬಂತು. ಅಷ್ಟರಲ್ಲಿ ಮೇಷ್ಟ್ರ ದನಿ ಕೇಳಿಸಿತು.

"ಈ ಕಿಟಕಿಯ ಪಕ್ಕದ ಕುರ್ಚಿ ಇನ್ನು ಖಾಲಿ. ನಮ್ಮ ಬೀದಿಯ ಕಣ್ಣೇ ಇವತ್ತು ಮುಚ್ಚಿಹೋಯಿತು."

"ಯಾರು ಹೋದ್ರು?" ಎಂದ ಬುಡ್ಡಣ್ಣ.

ಕೋಣೆಯಲ್ಲಿ ನಿಟ್ಟುಸಿರು ಎದ್ದಿತು. "ಪಾಪ, ತಲೆಗೆ ಹತ್ತಿಬಿಟ್ಟಿದೆ" ಎಂದರು ಯಜಮಾನರು. ಮೇಷ್ಟ್ರು ಅವನ ಹೆಗಲು ತಟ್ಟಿ, ಮಗುವಿಗೆ ಹೇಳುವಂತೆ ಹೇಳಿದರು. "ನಿಮ್ಮ ಅತ್ತೆ ಕಣಪ್ಪ. ನಿಮ್ಮ ಅತ್ತೆ ಹೋಗಿಬಿಟ್ರು. ಗಟ್ಟಿ ಮನಸ್ಸು ಮಾಡ್ಕೊಳ್ಳಿ."

ತಾನು ನಿದ್ದೆ ಮಾಡುತ್ತಿದ್ದಾಗ ನಾದಿನಿಯ ಮನೆಯಿಂದ ಸುದ್ದಿ ಬಂದಿದೆ ಎಂದುಕೊಂಡ ಬುಡ್ಡಣ್ಣ. ಅವನ ತಲೆಯಲ್ಲಿ ಮೊದಲು ಬಂದ ಯೋಚನೆಯನ್ನು ಇಲ್ಲಿ ಹೇಳಬಾರದು, ಆದರೂ ಹೇಳುತ್ತೇನೆ. ಇನ್ನು ಮೇಲೆ ಆ ಕಿಟಕಿಯ ಕುರ್ಚಿಯಲ್ಲಿ ನಾನು ಕೂರಬಹುದು ಎಂಬುದು. ಎರಡನೆಯ ಯೋಚನೆ ಬರಲು ಕೊಂಚ ತಡವಾಯಿತು. ದಿನಾ ಸಂಜೆ ಬೇಕರಿಯಿಂದ ಬಂದಾಗ ಬೀದಿಯ ತುದಿಯಲ್ಲೇ ಅವನನ್ನು ಗುರುತು ಹಿಡಿದು, "ಬಂತು ಹಿಟ್ಟಿನ ಮೂಟೆ" ಎನ್ನುತ್ತಾ ಎದ್ದುಹೋಗಿ, ಕೈಗೆ ಮೆತ್ತಿದ ಹಿಟ್ಟು ತೊಳೆಯಲು ಬಿಸಿನೀರು ತೋಡಿಡುತ್ತಿದ್ದವರು ಅತ್ತೆ. ಈ ಮನೆಯಲ್ಲಿದ್ದಾಗ ಒಂದು ದಿನವೂ ತಪ್ಪಿಸಿರಲಿಲ್ಲ. ಒಂದು ದಿನವೂ ಇವನು ಅದಕ್ಕೆ ಏನೂ ಹೇಳಿರಲಿಲ್ಲ. ಇವತ್ತು ಅವರು ಪ್ರಾಣ ಬಿಡುತ್ತಿದ್ದಾಗ ಅವರ ಮಾತು ಮೀರಿ ಮಿಷನ್ನಿನ ಕೆಳಗೆ ಮಲಗಿದ್ದೆನಲ್ಲ ಎನ್ನಿಸಿತು. ಡಾಕ್ಟರು ಮಾಡಬಾರದು ಎಂದಿದ್ದನ್ನು ಬುಡ್ಡಣ್ಣ ಮಾಡಿಬಿಟ್ಟ. ಗೋಳೋ ಎಂದು ಅತ್ತ. ಹಿಟ್ಟಿನ ಮೂಟೆ ಸಹಿತ ಎಲ್ಲವನ್ನೂ ನೆನೆಸಿಕೊಂಡು ಅತ್ತ. ಕೋಣೆಯೂ ಜೊತೆಗೂಡಿತು.

ಸರಿಯಾಗಿ ಆ ಹೊತ್ತಿಗೆ ಅತ್ತೆ ಬಂದರು.

ಕಿರಿಮಗಳ ಮನೆಯಲ್ಲಿ ಕಿಟಕಿಯ ಪಕ್ಕ ಫ್ರಿಜ್ಜು ಇಟ್ಟಿದ್ದಾರೆ ಎಂಬ ಕಾರಣಕ್ಕೆ ಮನಸ್ತಾಪವಾಗಿ, ಬ್ಯಾಗು ಹೊತ್ತು ಅರ್ಧಕ್ಕೇ ವಾಪಸ್ಸು ಹೊರಟಿದ್ದರು. ಬಂದು ನೋಡಿದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಕತ್ತಲೆ, ತಲೆ ತಗ್ಗಿಸಿದ ಜನ, ಬಿಕ್ಕಿ ಬಿಕ್ಕಿ ಅಳುತ್ತಿರುವ ಅಳಿಯ. ಮಗಳು ಮಾತ್ರ ಕಾಣುತ್ತಿಲ್ಲ. ಬ್ಯಾಗು ಕೈಯಿಂದ ಜಾರಿತು.

"ಅಯ್ಯೋ, ನನ್ನ ಮಗಳೇ" ಎಂದು ಕೂಗಿಕೊಂಡರು.

ಆಮೇಲೆ ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಯಜಮಾನರು ಬ್ರೆಡ್ಡಿನ ಬುಟ್ಟಿಯನ್ನು ತಲೆಗೆ ಅಡ್ಡ ಹಿಡಿದರಂತೆ. ಹಿಂದಕ್ಕೆ ಸರಿದ ಮೇಷ್ಟ್ರು ಪರದೆ ಹಿಡಿದುಕೊಳ್ಳಲು ಹೋಗಿ, ಪರದೆಯೂ ಅದರ ಕೋಲೂ ಅವರೂ ಒಟ್ಟಿಗೆ ಕೆಳಗೆ ಬಂದದ್ದಂತೂ ನಿಜ. ಕೋಣೆಯೊಳಗೆ ಬೆಳಕು ನುಗ್ಗಿತು. ಗಾಬರಿಯಲ್ಲಿ ಬುಡ್ಡಣ್ಣ ಕಪ್ಪು ಕನ್ನಡಕ ಕಿತ್ತೆಸೆದು ಕಣ್ಣು ಬಿಟ್ಟ.

ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಮೂಗಿನ ಮೇಲೆ ಭಾರವಿಲ್ಲದೆ ಅವನು ಕಂಡ ದೃಶ್ಯ ಅತ್ತೆ. ಒಂದೊಂದು ಬಿಳಿಗೂದಲೂ, ಗದ್ದದ ಮಚ್ಚೆಯೂ, ಮಚ್ಚೆಯ ಮೇಲಿನ ರೋಮವೂ ಗೆರೆ ಕೊರೆದಷ್ಟು ಸ್ಪಷ್ಟ. ಆಪರೇಷನ್ನು ಅಮೋಘವಾಗಿ ಯಶಸ್ವಿಯಾಗಿತ್ತು.

"ನೀವು ಬದುಕಿದ್ದೀರಾ?" ಎಂದ.

"ನನಗೇನಾಗಿದೆ? ನನ್ನ ಮಗಳೆಲ್ಲಿ?"

"ಇಲ್ಲೇ ಇದ್ದೀನಮ್ಮ. ಇದೇನು ಇಷ್ಟೊಂದು ಜನ?" ಎಂದು ಬಾಗಿಲಲ್ಲಿ ಔಷಧಿ ಬಾಟಲಿ ಹಿಡಿದು ನಿಂತಿದ್ದ ಮಗಳು ಕೇಳಿದಳು.

ಪರದೆಯೊಳಗಿಂದ ಬಿಡಿಸಿಕೊಂಡ ಮೇಷ್ಟ್ರು ಬುಡ್ಡಣ್ಣನ ಕಿವಿಯ ಹತ್ತಿರ ಬಾಗಿ ನಡುಗುವ ದನಿಯಲ್ಲಿ, "ಹಾಗಾದ್ರೆ ಅಟ್ಟದ ಮೇಲಿನ ಡಬ್ಬೀಲಿರೋದು ಯಾರು?" ಎಂದು ಕೇಳಿದರು. ಆಗ ಬುಡ್ಡಣ್ಣನಿಗೆ ಮೇಷ್ಟ್ರ ಜೊತೆಗಾದ ಮಾತುಕತೆಯೆಲ್ಲ ಒಂದೊಂದಾಗಿ ಬಿಡಿಸಿಕೊಂಡಿತು. "ನನ್ನ ಕನ್ನಡಕ ಮೇಷ್ಟ್ರೇ" ಎಂದು ಅವನೂ ಅಷ್ಟೇ ಮೆಲ್ಲಗೆ ಹೇಳಿದ. ಮೇಷ್ಟ್ರ ಮುಖ ಅರಳಿತು. ಅವರಿಗೆ ಮುಖ್ಯವಾದದ್ದು ಸರಿಹೋಗಿತ್ತು. ಕನ್ನಡಕ ನಪುಂಸಕಲಿಂಗವೇ.

ಬೀದಿಗೆಲ್ಲ ಸುಳ್ಳು ಸಾವು ಹಂಚಿದ್ದರಿಂದ ತಮ್ಮ ಮಾನ ಉಳಿಸಿಕೊಳ್ಳಬೇಕಾಗಿತ್ತು. ಅವರು ಗಂಟಲು ಸರಿಮಾಡಿಕೊಂಡು ಅತ್ತೆಯ ಕಡೆ ತಿರುಗಿದರು. "ಏನೋ ತಪ್ಪು ಸುದ್ದಿ ಬಂದುಬಿಡ್ತು ತಾಯಿ. ನೀವು ಹೋದ್ರಿ ಅಂತ ನಿಮ್ಮ ಅಳಿಯಂದಿರು ಒಂದೇ ಸಮನೆ ಅಳ್ತಾ ಇದ್ದಾರೆ. ನಾನೇ ಸಾಕ್ಷಿ. ಇಂಥ ಅಳಿಯನನ್ನ ನಾನು ಎಲ್ಲೂ ಕಂಡಿಲ್ಲ."

ಅತ್ತೆ ಅಳಿಯನ ಹತ್ತಿರ ಬಂದರು. ಕೆಂಪಗೆ ಊದಿದ ಕಣ್ಣು, ತೊಯ್ದ ಅಂಗಿ, ಹಿಂಡಿದರೆ ಸುರಿಯುವಂತಿದ್ದ ಕರವಸ್ತ್ರ, ಎಲ್ಲವನ್ನೂ ಪರೀಕ್ಷಿಸಿದರು. ಅವರ ಗದ್ದ ಅದುರಿತು.

"ಕನ್ನಡಕ ಕೂಡ ಹಾಕ್ಕೊಂಡಿಲ್ಲ. ನನಗೋಸ್ಕರ ಇಷ್ಟೊಂದು ಅತ್ರಾ ಅಳಿಯಂದ್ರೇ?"

ಈಗ ಬುಡ್ಡಣ್ಣನ ಕೈಯಲ್ಲಿ ಒಂದು ವಾಕ್ಯವಿತ್ತು. ನಾನು ಲೇಸರ್ ಮಾಡಿಸಿಕೊಂಡೆ ಎಂದರೆ ಸಾಕು, ಅತ್ತೆ ಆಡಿದ ಮಾತಿಗೆ ತಪ್ಪುವವರಲ್ಲ, ಬಿದ್ದ ಬ್ಯಾಗನ್ನು ಎತ್ತಿಕೊಂಡು ಹೊರಟೇ ಬಿಡುತ್ತಿದ್ದರು. ಅವನು ಬಾಯಿ ತೆರೆದ. ಆದರೆ ಹಾಳು ಕಣ್ಣು ಬಹಳ ಚೆನ್ನಾಗಿ ಕಾಣುತ್ತಿತ್ತು. ಅತ್ತೆಯ ರೆಪ್ಪೆಯ ತುದಿಯಲ್ಲಿ ಒಂದು ಹನಿ ಕೂಡಿ, ದಪ್ಪಗಾಗಿ, ಇನ್ನೇನು ಬೀಳುವುದರಲ್ಲಿತ್ತು. ಹಳೆಯ ಕನ್ನಡಕದ ಹಬೆಯಲ್ಲಾಗಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

"ಹೂಂ ಅತ್ತೆ" ಎಂದ.

"ಆ ಬಾಟಲಿ ಏನೇ?" ಎಂದು ಅತ್ತೆ ಮಗಳನ್ನು ಕೇಳಿದರು.

"ಇವರ ಅಳು ನಿಲ್ಲೋದಕ್ಕೆ ಔಷಧಿ" ಎಂದಳು ಹೆಂಡತಿ, ಗಂಡನ ತೋಳನ್ನು ಬಲವಾಗಿ ಚಿವುಟುತ್ತಾ.

"ಔಷಧಿ ಯಾಕೆ? ನಾನೇ ಬಂದಿದ್ದೀನಲ್ಲ. ಕೇಳಿ ಅಳಿಯಂದ್ರೇ, ವರ್ಷದಲ್ಲಿ ಅರ್ಧ ಅವಳ ಮನೆ, ಅರ್ಧ ನಿಮ್ಮನೆ ಅಂತ ಮಾಡ್ಕೊಂಡಿದ್ದೆ. ಅಲ್ಲಿಂದ ಹೊರಟಾಗ ಆ ಅಳಿಯ ಒಂದು ಹನಿ ಕಣ್ಣೀರು ಹಾಕಲಿಲ್ಲ. ಇನ್ನು ನಾನು ಆ ಕಡೆ ತಲೆ ಹಾಕಲ್ಲ. ನಾಳೇನೇ ನನ್ನ ಮಂಚ, ಬೀರು, ಎಲ್ಲಾ ಇಲ್ಲಿಗೆ ತರಿಸ್ತೀನಿ. ಇನ್ನೆಂದೂ ನಿಮ್ಮನ್ನ ಬಿಟ್ಟು ಹೋಗಲ್ಲ."

ಯಜಮಾನರು ಚಪ್ಪಾಳೆ ತಟ್ಟಿದರು. ಬುಡ್ಡಣ್ಣನ ಕಣ್ಣಲ್ಲಿ ಮತ್ತೆ ನೀರು ಬಂತು. ಅಳಿಯನ ಆನಂದಬಾಷ್ಪ ಕಂಡು ಬೀದಿಯೆಲ್ಲ ಕಣ್ಣೊರೆಸಿಕೊಂಡಿತು.

ಮರುದಿನ ಮಂಚ ಬರುವ ಹೊತ್ತಿಗೆ ಗಂಡ ಹೆಂಡತಿ ಏನೋ ನೆಪ ಹೇಳಿ ಆಸ್ಪತ್ರೆಗೆ ಹೋದರು. ಡಾಕ್ಟರು ದೀಪ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದರು.

"ದೃಷ್ಟಿ ಏನೋ ಬಹಳ ಚೆನ್ನಾಗಿ ಬಂದಿದೆ. ಆದ್ರೆ ಇಷ್ಟು ಕೆಂಪು ಯಾಕೆ? ಉಜ್ಜಿದ್ರಾ?"

"ಇಲ್ಲ ಡಾಕ್ಟ್ರೇ."

"ಮತ್ತೆ ಏನು ಕಾರಣ?"

"ಅತ್ತೆ."

"ಅಳಬೇಡಿ ಅಂತ ಹೇಳಿದ್ದೆನಲ್ಲ. ಯಾಕೆ ಅತ್ರಿ?"

"ಅತ್ತೆ ಡಾಕ್ಟ್ರೇ."

"ಅತ್ತಿದ್ದು ಗೊತ್ತಾಯ್ತು. ಯಾಕೆ ಅಂತ ಕೇಳ್ತಾ ಇದ್ದೀನಿ."

"ಅದನ್ನೇ ಹೇಳ್ತಾ ಇದ್ದೀನಿ. ಅತ್ತೆ."

ಡಾಕ್ಟರು ಅವನನ್ನು ಅನುಮಾನದಿಂದ ನೋಡಿ, ಇದು ತಮ್ಮ ವಿಭಾಗಕ್ಕೆ ಸೇರಿದ ಕಾಯಿಲೆಯಲ್ಲ ಎಂದು ನಿರ್ಧರಿಸಿದವರಂತೆ ಹೆಂಡತಿಯ ಕಡೆ ತಿರುಗಿದರು. "ನೋಡಿಮ್ಮ, ಲೇಸರ್ ಆದ ಮೇಲೆ ಕೆಲವು ತಿಂಗಳು ಕಣ್ಣು ಒಣಗುತ್ತೆ. ಒಣಗೋಕೆ ಬಿಡಬಾರದು. ಕೃತಕ ಕಣ್ಣೀರು ಅಂತ ಒಂದು ಔಷಧಿ ಬರೀತೀನಿ, ದಿನಾ ತಪ್ಪದೆ ಹಾಕಿ."

"ಕೃತಕದ್ದು ಬೇಡ ಡಾಕ್ಟ್ರೇ" ಎಂದಳು ಹೆಂಡತಿ. "ಇವತ್ತಿಂದ ಇವರಿಗೆ ಮನೇಲೇ ಅಸಲಿದು ಸಿಗುತ್ತೆ."