ಸೀಟಿ ಊದುವವರೆಗೆ

ಇಷ್ಟಕ್ಕೆಲ್ಲ ಕಾರಣ ಒಂದು ತಲೆನೋವು. ಅದೂ ಹತ್ತು ನಿಮಿಷ ಕಣ್ಣು ಮುಚ್ಚಿದರೆ ಹೋಗುವಂಥದ್ದು.

ಕ್ಯಾಂಪಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಬೇಸಿಗೆ ಶಿಬಿರ ಶುರುವಾದ ದಿನವೇ ಇಪ್ಪತ್ತಮೂರು ಮಕ್ಕಳು ಸೇರಿ ಅದನ್ನು ಅಳಿಸಿಹಾಕಿದ್ದರು. ರಜೆಯಲ್ಲಿ ಹಾಯಾಗಿ ಬಿದ್ದುಕೊಳ್ಳುವುದು ಬಿಟ್ಟು ಈ ಉಸಾಬರಿ ಏಕೆ ಎಂದರೆ, ಅವನ ಕಾಲೇಜಿನಲ್ಲೊಂದು ನಿಯಮ: ಮೂರು ವಾರ ಸಮಾಜಸೇವೆ ಮಾಡಿ, ಫಾರಂಗೆ ಮೇಷ್ಟ್ರ ಸಹಿ ಬೀಳದಿದ್ದರೆ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ. ಅವನ ಸೋದರತ್ತೆ ಶಾಲೆಯ ಹಾಲ್‌ನಲ್ಲಿ ಶಿಬಿರ ನಡೆಸುತ್ತಿದ್ದಳು. "ಬಾರೋ, ಮಕ್ಕಳ ಜೊತೆ ಆಡ್ಕೊಂಡಿದ್ರೆ ಆಯ್ತು," ಎಂದು ಕರೆದಿದ್ದಳು.

ಆಡಿಕೊಂಡಿದ್ದದ್ದು ಅವನ ಜೀವಕ್ಕೇ ಗೊತ್ತು. ದಿನಕ್ಕೆ ನಲವತ್ತಾರು ಶೂಗಳ ಲೇಸು ಕಟ್ಟಿದ್ದ. ಸುರಿಯುವ ಮೂಗು ಒರೆಸಿದ್ದ. ಕುಂಚ ತೊಳೆದ ನೀರನ್ನು ಕುಡಿದವನನ್ನು ಎತ್ತಿಕೊಂಡು ಡಾಕ್ಟರ ಬಳಿ ಓಡಿದ್ದ. ಇವತ್ತು ಕೊನೆಯ ದಿನ. ನಾಲ್ಕು ಗಂಟೆಗೆ ಮೇಷ್ಟ್ರು ಬಂದು, ನೋಡಿ, ಸಹಿ ಹಾಕುವುದೊಂದು ಬಾಕಿ. ಮೂರು ಗಂಟೆಗೆ ತಲೆ ಸಿಡಿಯತೊಡಗಿತು.

"ಮಕ್ಕಳೇ, ಹೊಸ ಆಟ! ಸುಮ್ನಿರೋ ಆಟ. ಮೊದಲು ಬಾಯಿಬಿಟ್ಟೋರು ಔಟು. ನಾನು ಸೀಟಿ ಊದೋವರೆಗೂ ಯಾರೂ ಮಾತಾಡೋ ಹಾಗಿಲ್ಲ."

ರೇಡಿಯೋ ಕೈ ಎತ್ತಿದಳು. ಏಳು ವರ್ಷದ ಹುಡುಗಿ, ಶಿಬಿರದಲ್ಲಿ ಬಿದ್ದ ಅಡ್ಡಹೆಸರು ಅದು. ಬೆಳಗ್ಗೆ ಗೇಟಿನ ಬಳಿ ಶುರುಮಾಡಿದ ಮಾತನ್ನು ಸಂಜೆ ಅದೇ ಗೇಟಿನ ಬಳಿ ಮುಗಿಸುವವಳು. ಓಟ, ಚಿತ್ರ, ಚೆಂಡಾಟ, ಯಾವುದರಲ್ಲೂ ಪಾಪ ಒಮ್ಮೆಯೂ ಗೆದ್ದಿರಲಿಲ್ಲ.

"ಅಣ್ಣಾ, ನೀವೇ ಮಾತಾಡು ಅಂದ್ರೆ?"

"ನಾನು ಕಾಲಿಗೆ ಬಿದ್ದು ಕೇಳ್ಕೊಂಡ್ರೂ ಮಾತಾಡಬಾರದು!" ಎಂದು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡು ಕ್ಯಾಂಪಣ್ಣ ಗೋಡೆಗೊರಗಿದ.

ಎಚ್ಚರವಾದದ್ದು ರೇಡಿಯೋಳ ಅಜ್ಜಿಯ ಕೂಗಿಗೆ. ಮೊಮ್ಮಗಳನ್ನು ಕರೆದೊಯ್ಯಲು ಅವರು ಮುಂಚೆಯೇ ಬಂದಿದ್ದರು.

"ಪುಟ್ಟೀ, ನೀರಿನ ಬಾಟ್ಲಿ ಎಲ್ಲೇ? ಯಾಕೇ ಮಾತಾಡ್ತಿಲ್ಲ? ಅಯ್ಯಯ್ಯೋ, ನಿದ್ದೇಲೂ ಮಾತಾಡೋ ಮಗು ಇದು! ಏನಪ್ಪಾ ಮಾಡಿದೆ ಇವಳಿಗೆ?"

"ಏನೂ ಇಲ್ಲ ಅಜ್ಜಿ, ಆಟ ಅಷ್ಟೇ."

"ಮಕ್ಕಳ ಬಾಯಿ ಕಟ್ಟೋದೂ ಒಂದು ಆಟಾನಾ?"

ಕ್ಯಾಂಪಣ್ಣ ಕೆಂಪು ದಾರದ ಸೀಟಿಗಾಗಿ ಕುತ್ತಿಗೆಗೆ ಕೈಹಾಕಿದ. ಇರಲಿಲ್ಲ. ಜೇಬು ತಡಕಿದ, ಚಾಪೆ ಕೊಡವಿದ, ಬಣ್ಣದ ಡಬ್ಬಿಗೂ ಕೈ ಅದ್ದಿದ. ಬೆರಳಿಟ್ಟು ಊದಿ ನೋಡಿದರೆ ಬರಿ ಎಂಜಲು ಸಿಡಿಯಿತು.

"ಸೀಟಿ ಯಾರ ಹತ್ರ ಇದೆ? ಮಾತಾಡ್ರಪ್ಪಾ! ಆ ಆಟ ಸುಮ್ನೆ ಆಡ್ಸಿದ್ದು ಕಣ್ರೋ, ಸುಮ್ನೆ!"

ಎರಡೆರಡು ಸಲ 'ಸುಮ್ನೆ' ಎಂದದ್ದೇ ತಡ, ಸಡಿಲವಾಗುತ್ತಿದ್ದ ಒಂದೆರಡು ಬಾಯಿಗಳೂ ಬಿಗಿಯಾದವು. ಅವನಿಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಗಲಾಟೆ ಕೇಳಿ ಅತ್ತೆ ಓಡಿಬಂದಳು. ಅವಳ ಹಿಂದೆಯೇ ಫೈಲು ಹಿಡಿದ ಮೇಷ್ಟ್ರು!

ಮೇಷ್ಟ್ರು ಬಾಗಿಲಲ್ಲೇ ನಿಂತುಬಿಟ್ಟರು. ಇಪ್ಪತ್ತಮೂರು ಮಕ್ಕಳು ಕೈಕಟ್ಟಿ ಕೂತಿದ್ದಾರೆ, ಒಂದು ಸದ್ದಿಲ್ಲ.

"ಮೂವತ್ತು ವರ್ಷ ಪಾಠ ಮಾಡಿದೀನಿ, ಇಂಥ ಶಿಸ್ತು ನೋಡಿಲ್ಲ ಕಣಯ್ಯಾ. ಅದೂ ನಿನ್ನಿಂದ!" ಎಂದು ಪೆನ್ನಿನ ಮುಚ್ಚಳ ತೆಗೆದರು.

ಕ್ಯಾಂಪಣ್ಣನಿಗೆ ಹೋದ ಜೀವ ಬಂದಂತಾಯಿತು. ಮೂರು ವಾರದ ಪಾಡಿಗೆ ದೇವರು ಕೊನೆಗೂ ಕಣ್ಣುಬಿಟ್ಟ ಎಂದುಕೊಂಡ.

"ಇನ್ನೊಂದು ಕಾಲಂ ಇದೆ, 'ಮಕ್ಕಳ ಅಭಿಪ್ರಾಯ'. ಅದೊಂದು ತುಂಬಿಸಿ ಸಹಿ ಹಾಕ್ಬಿಡ್ತೀನಿ. ಯಾರಾದ್ರೂ ಒಬ್ರು ಹೇಳಿ ಮಕ್ಕಳೇ."

ಯಾರೂ ಪಿಟಕ್ಕೆನ್ನಲಿಲ್ಲ. ಮೇಷ್ಟ್ರ ಹುಬ್ಬು ಗಂಟಾಯಿತು. ಆಗ ಕ್ಯಾಂಪಣ್ಣನಿಗೆ ರೇಡಿಯೋಳ ಕಾಲುಚೀಲದಿಂದ ಇಣುಕುತ್ತಿದ್ದ ಕೆಂಪು ದಾರ ಕಂಡಿತು. ಗೆಲ್ಲುತ್ತಿದ್ದ ಆಟ ಮುಗಿಯದಿರಲೆಂದು ಅವಳೇ ಸೀಟಿ ಬಚ್ಚಿಟ್ಟಿದ್ದಳು. ಅವನು ನಿಜವಾಗಿಯೂ ಅವಳ ಕಾಲಿಗೆ ಬಿದ್ದು, ಸೀಟಿ ಎಳೆದುಕೊಂಡು ಜೋರಾಗಿ ಊದಿದ.

ಹಾಲ್‌ನ ಸೂರು ಹಾರಿಹೋಗುವಂತೆ ಗದ್ದಲವೆದ್ದಿತು. "ಗೆದ್ದೆ! ಗೆದ್ದೆ!" ಎಂದು ರೇಡಿಯೋ ಕುಣಿಯುತ್ತಿದ್ದಳು. ಮೇಷ್ಟ್ರು ಅವಳನ್ನೇ ಹತ್ತಿರ ಕರೆದರು.

"ಹೇಳಮ್ಮಾ, ಕ್ಯಾಂಪಲ್ಲಿ ಈ ಅಣ್ಣ ಏನು ಮಾಡಿದ್ರು?"

ಕ್ಯಾಂಪಣ್ಣ ಹಿಂದಿನಿಂದ ತನ್ನ ಶೂ ಲೇಸು ತೋರಿಸಿದ, ಮೂಗು ಒರೆಸುವ ಅಭಿನಯ ಮಾಡಿದ. ಗೆದ್ದ ಖುಷಿಯಲ್ಲಿದ್ದ ರೇಡಿಯೋಗೆ ಇದ್ಯಾವುದೂ ಕಾಣಲಿಲ್ಲ.

"ಅಣ್ಣ ತುಂಬಾ ಒಳ್ಳೇವ್ರು ಸಾರ್! ಸುಮ್ನೆ ಇದ್ರು! ನಾವೂ ಸುಮ್ನೆ, ಅಣ್ಣಾನೂ ಸುಮ್ನೆ. ಆಮೇಲೆ ಅಣ್ಣ ಗೊರಕೆ ಹೊಡೆದ್ರು. ಇಡೀ ಕ್ಯಾಂಪಲ್ಲಿ ಅದೇ ಬೆಸ್ಟು!"

ಮೇಷ್ಟ್ರು ಇದ್ದದ್ದನ್ನು ಇದ್ದಂತೆ ಬರೆಯುವ ಮನುಷ್ಯ. 'ಶಿಬಿರದಲ್ಲಿ ಸುಮ್ಮನೆ ಇದ್ದರು' ಎಂದು ದುಂಡಗೆ ಬರೆದು, ಸಹಿಯ ಜಾಗ ಖಾಲಿ ಬಿಟ್ಟು, ಪೆನ್ನಿಗೆ ಮುಚ್ಚಳ ಹಾಕಿದರು.

"ಇನ್ನೊಂದು ಮೂರು ವಾರ ಮಾಡಪ್ಪ. ಈ ಸಲ ಎಚ್ಚರವಾಗಿದ್ದು ಮಾಡು."

"ಸೋಮವಾರದಿಂದ ಹೊಸ ಬ್ಯಾಚ್ ಇದೆ ಸಾರ್, ಇವನಿಗೇ ಬಿಡ್ತೀನಿ," ಎಂದಳು ಅತ್ತೆ, ಹಬ್ಬದಷ್ಟು ಸಂತೋಷದಿಂದ.

"ನಮ್ಮ ಪುಟ್ಟೀ ಹೆಸರೂ ಬರ್ಕೊಳ್ಳಮ್ಮ," ಎಂದರು ಅಜ್ಜಿ. "ಹುಟ್ಟಿದಾಗಿಂದ ಇವಳು ಒಂದು ಗಂಟೆ ಬಾಯಿ ಮುಚ್ಚಿದ್ದು ಇದೇ ಮೊದಲು."

"ಅತ್ತೆ, ನಾನು ದಿನಕ್ಕೆ ನಲವತ್ತಾರು ಶೂಗೆ..." ಎಂದು ಕ್ಯಾಂಪಣ್ಣ ಬಾಯಿ ತೆರೆದ.

"ದೊಡ್ಡವರ ಮುಂದೆ ಏನೋ ಅದು? ಸುಮ್ನಿರು!"

ತಕ್ಷಣ ಇಡೀ ಹಾಲ್ ತಣ್ಣಗಾಯಿತು. ಇಪ್ಪತ್ತಮೂರು ಮಕ್ಕಳೂ ಬಾಯಿ ಮುಚ್ಚಿ, ಕೈಕಟ್ಟಿ ಕೂತುಬಿಟ್ಟರು. ಗೇಟಿನಾಚೆ ಉಳಿದ ಮಕ್ಕಳ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಬರತೊಡಗಿದ್ದರು. ಕ್ಯಾಂಪಣ್ಣ ಗಾಬರಿಯಿಂದ ಸೀಟಿ ಊದಲು ಕೈಯನ್ನು ಬಾಯಿಗೆ ಎತ್ತಿದ. ರೇಡಿಯೋಳ ಕಾಲುಚೀಲ ಮತ್ತೆ ಉಬ್ಬಿತ್ತು; ಅವನ ಕೈಯಲ್ಲಿ ಕೆಂಪು ದಾರ ಮಾತ್ರ ಇತ್ತು.