ಮುಚ್ಚಿದ ದೂರು ಮತ್ತು ಮುನಿರೆಡ್ಡಿಯವರ ಪಡಸಾಲೆ

ನನಗೆ ಅನ್ಯಾಯವಾಗಿದೆ. ಇದನ್ನು ಸುತ್ತಿಬಳಸದೆ ಮೊದಲಲ್ಲೇ ಹೇಳಿಬಿಡುತ್ತೇನೆ. ಪತ್ರದ ನೆತ್ತಿಯ ಮೇಲೆ ವಿಷಯವನ್ನು ಬರೆದು, ಅದಕ್ಕೊಂದು ಅಡಿಗೆರೆ ಎಳೆದು, ಆಮೇಲೆ ಮುಂದುವರಿಯುವುದು ಸರ್ಕಾರಿ ಸೇವೆಯಲ್ಲಿ ನಾನು ಕಲಿತ ಶಿಸ್ತು. ವಿಷಯ ಇಷ್ಟು: ನಮ್ಮ ಮನೆಗೆ ಇಂಟರ್ನೆಟ್ ಒದಗಿಸುವ ಕಂಪನಿಯವರು, ತಾವೇ ತಂದು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ರೂಟರ್ ಕೆಟ್ಟಾಗ ಅದನ್ನು ಸರಿಪಡಿಸಲಿಲ್ಲ. ಸರಿಪಡಿಸದಿದ್ದುದನ್ನು ನಾನು ಅನ್ಯಾಯವೆನ್ನುವುದಿಲ್ಲ. ಅದು ಬರಿಯ ಸೋಮಾರಿತನ. ಸೋಮಾರಿತನವನ್ನು ಕಚೇರಿಯಲ್ಲಿ ಬಹಳ ಹತ್ತಿರದಿಂದ ಕಂಡವನಾದ್ದರಿಂದ ಅದರ ಮೇಲೆ ನನಗೆ ವಿಶೇಷವಾದ ದ್ವೇಷವೇನೂ ಇಲ್ಲ. ಆದರೆ ಸರಿಪಡಿಸದೆಯೇ, ‘ನಿಮ್ಮ ದೂರು ನಿಮಗೆ ಸಂಪೂರ್ಣ ತೃಪ್ತಿಯಾಗುವಂತೆ ಬಗೆಹರಿದಿದೆ, ಧನ್ಯವಾದಗಳು’ ಎಂದು ಸಂದೇಶ ಕಳುಹಿಸಿದರಲ್ಲ, ಅದು ಅನ್ಯಾಯ. ನನಗೆ ತೃಪ್ತಿಯಾಗಿದೆಯೋ ಇಲ್ಲವೋ ಎಂಬುದನ್ನು ನನ್ನನ್ನು ಕೇಳದೆ ತೀರ್ಮಾನಿಸುವ ಹಕ್ಕನ್ನು, ಇಷ್ಟು ವರ್ಷ ಜೊತೆಗೆ ಬಾಳಿದ ನನ್ನ ಹೆಂಡತಿಗೂ ನಾನು ಬಿಟ್ಟುಕೊಟ್ಟವನಲ್ಲ.

ನಾನು ಕ್ಷಮಿಸುವ ಸ್ವಭಾವದವನೇ. ಮರೆಯುವುದು ಮಾತ್ರ ನನ್ನಿಂದ ಸಾಧ್ಯವಿಲ್ಲ. ಹೀಗಾಗಿ ಕ್ಷಮಿಸಿದ್ದನ್ನೂ ಆಗಾಗ ನೆನಪಿಸಿಕೊಂಡು ಮತ್ತೊಮ್ಮೆ ಕ್ಷಮಿಸಬೇಕಾಗುತ್ತದೆ. ನನ್ನ ಸಹೋದ್ಯೋಗಿ ರಂಗಸ್ವಾಮಿಯನ್ನು ನಾನು ಎಷ್ಟೋ ಸಲ ಕ್ಷಮಿಸಿದ್ದೇನೆ. ನನ್ನ ನಿವೃತ್ತಿಯ ದಿನ ಬೀಳ್ಕೊಡುಗೆ ಸಮಾರಂಭದ ವಂದನಾರ್ಪಣೆ ಆತನದಾಗಿತ್ತು. ಮೈಕಿನವನಿಗೆ ವಂದಿಸಿದ, ಕುರ್ಚಿ ತಂದವನಿಗೆ ವಂದಿಸಿದ, ಉಪ್ಪಿಟ್ಟು ಮಾಡಿದವರಿಗೆ ವಂದಿಸಿದ, ಬಂದು ಹೋದ ಗಣ್ಯರಿಗೂ ಬರಲಾಗದ ಗಣ್ಯರಿಗೂ ವಂದಿಸಿದ. ಯಾರು ನಿವೃತ್ತರಾಗಿದ್ದರಿಂದ ಇವರೆಲ್ಲ ಉಪ್ಪಿಟ್ಟು ತಿಂದರೋ ಅವರ ಹೆಸರು ಮಾತ್ರ ಬರಲಿಲ್ಲ. ನಾನು ಹಾರ ಹಾಕಿಕೊಂಡು ಅವನ ಪಕ್ಕದಲ್ಲೇ ಕುಳಿತಿದ್ದೆ. ಅದೇ ರಂಗಸ್ವಾಮಿ ಈಗ ನಿವೃತ್ತ ನೌಕರರ ಬಳಗದ ಅಧ್ಯಕ್ಷ. ತಿಂಗಳಿಗೊಮ್ಮೆ, ಭಾನುವಾರದ ಬೆಳಿಗ್ಗೆ, ಎಲ್ಲರೂ ತಂತಮ್ಮ ಮನೆಯಿಂದಲೇ ಮೊಬೈಲಿನ ಪರದೆಯಲ್ಲಿ ಸೇರುತ್ತಾರೆ. ಒಬ್ಬರು ಉಪನ್ಯಾಸ ಕೊಡುತ್ತಾರೆ. ಬಳಗ ಹುಟ್ಟಿದಂದಿನಿಂದ ಮಧುಮೇಹ, ಕಾಶಿಯಾತ್ರೆ, ತಾರಸಿ ತೋಟ ಎಲ್ಲದರ ಮೇಲೂ ಉಪನ್ಯಾಸಗಳಾಗಿವೆ. ನನ್ನ ಸರದಿ ಬಂದಿರಲಿಲ್ಲ. ಕೊನೆಗೂ ಬಂತು. ‘ಕಚೇರಿಯ ಪತ್ರವ್ಯವಹಾರದಲ್ಲಿ ಮರ್ಯಾದೆ’ ಎಂಬ ವಿಷಯವನ್ನು ನಾನೇ ಆರಿಸಿಕೊಂಡೆ. ಮಾತನ್ನು ಸಿದ್ಧಪಡಿಸಿದೆ, ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ, ಇಸ್ತ್ರಿ ಮಾಡಿದ ಅಂಗಿಯನ್ನು ಹ್ಯಾಂಗರಿಗೆ ತೂಗುಹಾಕಿದೆ. ಆ ವಾರವೇ ರೂಟರಿನ ಹಸಿರು ದೀಪ ಆರಿ ಕೆಂಪು ದೀಪ ಹತ್ತಿತು.

ದೂರು ಕೊಟ್ಟದ್ದಕ್ಕೆ ಕಂಪನಿಯ ಒಬ್ಬ ತಂತ್ರಜ್ಞರು ಬಂದರು. ಬಂದವರು ತಲೆಯ ಮೇಲಿನ ಹೆಲ್ಮೆಟ್ ತೆಗೆಯಲಿಲ್ಲ. ಅದರಿಂದಲೇ ನಾನು ಊಹಿಸಬೇಕಿತ್ತು. ಡಬ್ಬಿಯನ್ನು ಒಮ್ಮೆ ತಟ್ಟಿದರು, ಒಮ್ಮೆ ಆರಿಸಿ ಹೊತ್ತಿಸಿದರು.

“ಬೋರ್ಡ್ ಹೋಗ್ಬಿಟ್ಟಿದೆ ಸಾರ್. ಹೊಸಾದು ಹಾಕ್ಬೇಕು.”

“ಹಾಕಿ.”

“ಸ್ಟಾಕ್ ಇಲ್ಲ ಸಾರ್. ಬಂದ್ಮೇಲೆ ಹಾಕ್ತೀವಿ.”

“ಯಾವಾಗ ಬರುತ್ತೆ?”

“ಬಂದಾಗ ಬರುತ್ತೆ ಸಾರ್. ಈಗ ಒಂದು ಓಟಿಪಿ ಬಂದಿರುತ್ತೆ, ಅದು ಹೇಳ್ಬಿಡಿ, ನಾನು ಹೊರಡ್ತೀನಿ.”

ಓಟಿಪಿಯನ್ನು ಯಾರಿಗೂ ಹೇಳಬಾರದೆಂದು ಬ್ಯಾಂಕಿನವರು ನನಗೆ ವಾರಕ್ಕೊಮ್ಮೆ ಬುದ್ಧಿ ಹೇಳುತ್ತಾರೆ. ಅದನ್ನೇ ನಾನು ಅವರಿಗೆ ವಿವರವಾಗಿ ತಿಳಿಸಿದೆ. ಕೆಲಸವಾಗದೆ ಕೆಲಸವಾಯಿತೆಂದು ಸಹಿ ಹಾಕುವುದು ಎಂತಹ ನೈತಿಕ ಅಧಃಪತನ ಎಂಬುದನ್ನೂ ಸೇರಿಸಿದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, ಅಡುಗೆಮನೆಯ ಕಡೆಗೆ ತಿರುಗಿ, “ಅಮ್ಮಾ, ನಿಮ್ ಮೊಬೈಲ್‌ಗೆ ಒಂದು ಓಟಿಪಿ ಬಂದಿದ್ಯಾ ನೋಡಿ” ಎಂದರು. ಸಂಪರ್ಕವಿರುವುದು ನನ್ನ ಹೆಂಡತಿ ವಿಮಲೆಯ ಮೊಬೈಲ್ ಸಂಖ್ಯೆಯಲ್ಲಿ. ಆಕೆ ಒಗ್ಗರಣೆಯ ಸೌಟನ್ನು ಕೆಳಗಿಡದೆಯೇ, ಮಗ್ಗಿ ಒಪ್ಪಿಸುವಷ್ಟು ಸ್ಪಷ್ಟವಾಗಿ, ಅಂಕಿಗಳನ್ನು ಕೂಗಿ ಹೇಳಿದಳು. ಬೀದಿಯಲ್ಲಿ ಬೈಕು ಗುರುಗುಟ್ಟುವ ಹೊತ್ತಿಗೆ ನನ್ನ ಸಂಪೂರ್ಣ ತೃಪ್ತಿಯ ಸಂದೇಶ ಆಕೆಯ ಮೊಬೈಲಿಗೆ ಬಂದು ಬಿದ್ದಿತ್ತು.

“ಯಾಕೆ ಹೇಳಿದೆ?” ಎಂದೆ.

“ಕೇಳಿದ್ರು, ಹೇಳ್ದೆ. ಗ್ಯಾಸ್‌ನೋರು ಕೇಳಿದ್ರೆ ಹೇಳಲ್ವಾ?”

“ಗ್ಯಾಸ್‌ನೋರು ಸಿಲಿಂಡರ್ ಇಳಿಸಿ ಕೇಳ್ತಾರೆ.”

“ಇವ್ರೂ ಪಾಪ ಅಷ್ಟು ದೂರದಿಂದ ಬಂದಿದ್ರಲ್ಲ ರೀ.”

ವಿಮಲೆಯ ಲೋಕದಲ್ಲಿ, ಮನೆಗೆ ಬಂದವರು ಬಂದದ್ದೇ ಒಂದು ಕೆಲಸ. ಮದುವೆಗೆ ಬಂದವರು ಉಡುಗೊರೆ ತರಲಿಲ್ಲವೆಂದು ಆಕೆ ಎಂದೂ ಗಮನಿಸಿದವಳಲ್ಲ. ಗಮನಿಸುವ ಹೊಣೆಯೆಲ್ಲ ನನ್ನ ಮೇಲೆಯೇ ಬಿದ್ದಿದೆ.

ಕಂಪನಿಗೆ ಫೋನ್ ಮಾಡಿದೆ. ನನ್ನ ಕರೆ ತಮಗೆ ಬಹಳ ಮುಖ್ಯವೆಂದು ಹೇಳಿ ಸಂಗೀತ ಹಾಕಿದರು. ಆ ಸಂಗೀತ ಮುಗಿದ ಮೇಲೆ ಜೇನಿನಂತಹ ದನಿಯ ಒಬ್ಬ ಹುಡುಗಿ ಮಾತಾಡಿದಳು. “ನಿಮ್ಮ ಹೆಸರಲ್ಲಿ ಯಾವ್ದೂ ದೂರು ಬಾಕಿ ಇಲ್ಲ ಸರ್. ಹೊಸದಾಗಿ ಕೊಡ್ಬಹುದು ಸರ್. ಮೊದ್ಲು ರೂಟರ್ ಆನ್ ಮಾಡಿ, ಹಸಿರು ದೀಪ ಬರ್ತಿದ್ಯಾ ಹೇಳಿ ಸರ್.”

“ಹಸಿರು ದೀಪ ಬಂದಿದ್ರೆ ನಾನ್ಯಾಕಮ್ಮಾ ಫೋನ್ ಮಾಡ್ಲಿ?”

“ಅರ್ಥ ಆಗುತ್ತೆ ಸರ್. ನಿಮಗಾದ ತೊಂದ್ರೆಗೆ ವಿಷಾದಿಸ್ತೀವಿ ಸರ್. ಹಸಿರು ದೀಪ ಬರ್ತಿದ್ಯಾ ಸರ್?”

ಇಷ್ಟು ವಿನಯದಿಂದ ನನ್ನನ್ನು ಯಾರೂ ಇದುವರೆಗೆ ನಿರ್ಲಕ್ಷಿಸಿರಲಿಲ್ಲ. ರಂಗಸ್ವಾಮಿಯೂ ಈ ಮಟ್ಟ ಮುಟ್ಟಿಲ್ಲ. ಅಂದು ಸಂಜೆ ಅವನೂ ಫೋನ್ ಮಾಡಿದ. ಸುದ್ದಿ ಹೇಗೋ ತಲುಪಿತ್ತು. “ನೆಟ್‌ವರ್ಕ್ ಇಲ್ಲಾಂದ್ರೆ ಬಿಡ್ರೀ, ಸುಮ್ನೆ ತೊಂದ್ರೆ ತಗೋಬೇಡಿ. ನಾನೇ ಮಂಡಿ ನೋವಿನ ಬಗ್ಗೆ ನಾಲ್ಕು ಮಾತಾಡಿ ಮುಗಿಸ್ಬಿಡ್ತೀನಿ” ಎಂದ. ಆ ದನಿಯಲ್ಲಿದ್ದ ಸಂತೋಷವನ್ನು ನಾನು ಗುರುತಿಸದಿರಲಿಲ್ಲ.

ಮೊಬೈಲಿನಲ್ಲೇ ಇಂಟರ್ನೆಟ್ ಇರುತ್ತದಲ್ಲ ಎಂದು ನೀವು ಕೇಳಬಹುದು. ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯ ಹಿಂದಿನ ನಮ್ಮ ಓಣಿಯನ್ನು ನೀವು ನೋಡಿಲ್ಲ. ನಮ್ಮದು ಹಳೆಯ ಒಂದಂತಸ್ತಿನ ಮನೆ. ಸುತ್ತ ಎಲ್ಲ ಕಡೆಯೂ ಎತ್ತರದ ಕಟ್ಟಡಗಳೆದ್ದು, ಬಾವಿಯ ತಳದಲ್ಲಿ ಕುಳಿತಂತಿದ್ದೇವೆ. ಕರೆ, ಸಂದೇಶಗಳು ಹೇಗೋ ನುಸುಳಿ ಬರುತ್ತವೆ; ಇಂಟರ್ನೆಟ್ಟಿಗೆ ಸಾಕಾಗುವಷ್ಟು ಸಿಗ್ನಲ್ ನಮ್ಮ ಮನೆಯೊಳಗೆ ಬರುವುದು ಒಂದೇ ಒಂದು ಜಾಗದಿಂದ, ಬಚ್ಚಲುಮನೆಯ ಗವಾಕ್ಷಿಯಿಂದ. ಮರ್ಯಾದೆಯ ಬಗ್ಗೆ ಬಚ್ಚಲುಮನೆಯಲ್ಲಿ ನಿಂತು ಉಪನ್ಯಾಸ ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ.

“ಪಕ್ಕದ್ಮನೆ ಮುನಿರೆಡ್ಡಿಯೋರ ಮನೇಲಿ ಇದೆಯಲ್ಲ ರೀ, ಹೋಗಿ ಕೇಳಿ” ಎಂದಳು ವಿಮಲೆ.

ಮುನಿರೆಡ್ಡಿಯವರು ಈ ಊರಿನ ಮೂಲ ಒಕ್ಕಲು. ನಮ್ಮ ಮನೆ ನಿಂತಿರುವ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಈಗ ಹೊಲದಲ್ಲಿ ಬಾಡಿಗೆ ಕೋಣೆಗಳು ಎದ್ದಿವೆ, ಕೆಳಗಿನ ದೊಡ್ಡ ಮನೆಯಲ್ಲಿ ಅವರಿದ್ದಾರೆ. ಅವರ ಮನೆಯ ಮೆಟ್ಟಿಲನ್ನು ನಾನು ಹತ್ತಿ ಬಹಳ ಕಾಲವಾಗಿತ್ತು. ಕಾರಣವಿದೆ. ಅವರ ಮಗನ ಮದುವೆಯಲ್ಲಿ ಎಲ್ಲರಿಗೂ ತಾಂಬೂಲದ ಚೀಲ ಕೊಟ್ಟರು. ಮನೆಗೆ ಬಂದು ಬಿಚ್ಚಿ ನೋಡಿದರೆ, ಎಲೆಯಿದೆ, ಅಡಿಕೆಯಿದೆ, ತೆಂಗಿನಕಾಯಿಯಿಲ್ಲ. ಎದುರು ಮನೆಯವರನ್ನು ಉಪಾಯವಾಗಿ ವಿಚಾರಿಸಿದೆ. ಅವರ ಚೀಲದಲ್ಲಿ ಇತ್ತು, ಸಾಕಷ್ಟು ದಪ್ಪವಾಗಿಯೇ ಇತ್ತು. ಅಂದಿನಿಂದ ಮುನಿರೆಡ್ಡಿಯವರೊಡನೆ ಮಾತು ನಿಲ್ಲಿಸಿದೆ. ದುರದೃಷ್ಟವಶಾತ್ ಅದು ಅವರ ಗಮನಕ್ಕೆ ಬರಲೇ ಇಲ್ಲ. ದಿನವೂ ಕಾಂಪೌಂಡಿನ ಮೇಲಿಂದ ಬಗ್ಗಿ, “ಊಟ ಆಯ್ತಾ ಸಾರ್?” ಎಂದು ಕೂಗುತ್ತಲೇ ಇದ್ದರು. ನಾನು ಬಿಗುಮಾನದಿಂದ ಮುಖ ತಿರುಗಿಸಿದರೆ, ಕಿವಿ ಮಂದವಾಗಿದೆಯೆಂದು ತಿಳಿದು ಇನ್ನೂ ಗಟ್ಟಿಯಾಗಿ ಕೂಗುತ್ತಿದ್ದರು. ಹೀಗೆ ಮಾತು ಬಿಟ್ಟವನ ಕಷ್ಟ ನನಗೆ, ಮಾತಾಡಿಸಿದವರೆಂಬ ಹೆಸರು ಅವರಿಗೆ.

ಒಂದು ಕಡೆ ತೆಂಗಿನಕಾಯಿ, ಇನ್ನೊಂದು ಕಡೆ ರಂಗಸ್ವಾಮಿಯ ಮಂಡಿ. ಭಾನುವಾರ ಬೆಳಿಗ್ಗೆಯವರೆಗೂ ತೂಗಿ ನೋಡಿದೆ. ಮಂಡಿಯೇ ಹೆಚ್ಚು ಅಸಹ್ಯವೆನಿಸಿತು. ಇಸ್ತ್ರಿಯ ಅಂಗಿ ತೊಟ್ಟು, ಮೊಬೈಲನ್ನು ಹಿಡಿದು, ಅವರ ಮೆಟ್ಟಿಲು ಹತ್ತಿದೆ. ಬಾಗಿಲಲ್ಲೇ ಕುಳಿತು ಪತ್ರಿಕೆ ಓದುತ್ತಿದ್ದ ಮುನಿರೆಡ್ಡಿಯವರು ಎದ್ದುನಿಂತರು.

“ಬನ್ನಿ ಬನ್ನಿ ಸಾರ್! ಕಿವಿ ಈಗ ಹೆಂಗಿದೆ?” ಎಂದು ಕೂಗಿದರು.

“ಚೆನ್ನಾಗಿದೆ. ನಿಮ್ಮ ಇಂಟರ್ನೆಟ್ ಸ್ವಲ್ಪ ಬೇಕಾಗಿತ್ತು.”

“ಸ್ವಲ್ಪ ಯಾಕ್ ಸಾರ್, ಪೂರ್ತಿ ತಗೊಳ್ಳಿ! ನಮ್ಗೇನು, ಸೀರಿಯಲ್ ನೋಡೋಕ್ ತಾನೆ ಇರೋದು. ಪಾಸ್‌ವರ್ಡ್ ನಂಗೊತ್ತಿಲ್ಲ, ನಮ್ ಸೊಸೆ ಹಾಕ್ಕೊಡ್ತಾಳೆ ಇರಿ.”

ಸೊಸೆ ಹಾಕಿಕೊಟ್ಟಳು. ಪಡಸಾಲೆಯ ಮೇಜಿನ ಮೇಲೆ ತಾಮ್ರದ ಚೊಂಬಿಗೆ ಮೊಬೈಲನ್ನು ಒರಗಿಸಿ, ಒಳ್ಳೆಯ ಕುರ್ಚಿಯೊಂದನ್ನು ತಂದಿಟ್ಟರು. ಪರದೆಯಲ್ಲಿ ಹಳೆಯ ಮುಖಗಳು ಒಂದೊಂದಾಗಿ ಮೂಡಿದವು. ಒಬ್ಬರ ಹಣೆ ಮಾತ್ರ ಕಾಣುತ್ತಿತ್ತು, ಇನ್ನೊಬ್ಬರ ಮನೆಯ ಫ್ಯಾನ್ ಮಾತ್ರ. ರಂಗಸ್ವಾಮಿ ನನ್ನ ಪರಿಚಯವನ್ನು ಒಂದು ವಾಕ್ಯದಲ್ಲೂ ತನ್ನ ಅಧ್ಯಕ್ಷತೆಯ ಸಾಧನೆಗಳನ್ನು ಉಳಿದ ವಾಕ್ಯಗಳಲ್ಲೂ ಹೇಳಿದ. ನಾನು ಆರಂಭಿಸಿದೆ.

ಪೀಠಿಕೆ ಮುಗಿಸಿ ಕಿಟಕಿಯ ಪ್ರಸಂಗಕ್ಕೆ ಬಂದೆ. ನಾನು ಕೆಲಸಕ್ಕೆ ಸೇರಿದ ಹೊಸತು. ನನ್ನ ಎದುರು ಮೇಜಿನಲ್ಲಿ ನಮ್ಮ ಅಧೀಕ್ಷಕರು. ಕೈ ಚಾಚಿದರೆ ಪರಸ್ಪರ ಮುಟ್ಟಬಹುದಾದಷ್ಟು ಅಂತರ. ಒಂದು ದಿನ ಅವರಿಂದ ನನಗೊಂದು ಮೆಮೊ ಬಂತು: ‘ತಮ್ಮ ಹಿಂದಿನ ಕಿಟಕಿಯು ತೆರೆದಿರಲು ಕಾರಣವೇನು?’ ಅದು ಎದುರು ಮೇಜಿನಿಂದ ನೇರವಾಗಿ ಬರಲಿಲ್ಲ. ಕೆಳಗಿನ ರವಾನೆ ವಿಭಾಗಕ್ಕೆ ಇಳಿದು, ಮೊಹರು ಹಾಕಿಸಿಕೊಂಡು, ಜವಾನನ ಕೈಯಲ್ಲಿ ಮೆಟ್ಟಿಲು ಹತ್ತಿ ಬಂತು. ನಾನೂ ಅದೇ ದಾರಿಯಲ್ಲಿ, ‘ಕಿಟಕಿಯ ಉಸ್ತುವಾರಿ ಯಾರಿಗೆ ಸೇರಿದ್ದೆಂದು ತಿಳಿಸಲು ಕೋರಿಕೆ’ ಎಂದು ಉತ್ತರಿಸಿದೆ. ಪತ್ರಗಳು ಓಡಾಡಿದವು. ಎಲ್ಲೂ ಒಂದು ಒರಟು ಪದ ಇಣುಕಲಿಲ್ಲ. ಎದುರುಬದುರು ಕುಳಿತ ನಾವು ಆ ವಿಷಯದಲ್ಲಿ ಒಂದು ಮಾತೂ ಆಡಲಿಲ್ಲ. “ಹೀಗಿರುವಾಗ ಮುಂಗಾರು ಆರಂಭವಾಯಿತು” ಎಂದು ಹೇಳಿ, ಪರಿಣಾಮಕ್ಕಾಗಿ ನಾನು ಒಂದು ಕ್ಷಣ ನಿಲ್ಲಿಸಿದೆ.

“ಸಮಯದ ಅಭಾವ ಇದೆ, ಉಪನ್ಯಾಸಕರಿಗೆ ಧನ್ಯವಾದಗಳು” ಎಂದ ರಂಗಸ್ವಾಮಿ. ಹೆಸರು ಹೇಳಲಿಲ್ಲ. ಪರದೆಯಲ್ಲಿ ಆತನ ಮಂಡಿ ಕಾಣಿಸಿಕೊಂಡಿತು.

ನಾನು ಮೊಬೈಲನ್ನು ಚೊಂಬಿನಿಂದ ತೆಗೆದೆ. ಎಷ್ಟು ಕಾಲ ಕಾದು, ಎಷ್ಟು ಅಭ್ಯಾಸ ಮಾಡಿ, ಯಾರ ಮೆಟ್ಟಿಲು ಹತ್ತಿ ಬಂದು ಆಡಿದ ಮಾತು! ಮಳೆ ಬರುವಲ್ಲಿಗೆ ಮುಗಿದುಹೋಯಿತು. ಎದ್ದು ಹೊರಡೋಣವೆನ್ನುವಷ್ಟರಲ್ಲಿ ಹೊಸ್ತಿಲ ಕಡೆಯಿಂದ ಒಂದು ದನಿ ಬಂತು.

“ಮುಂದ ಏನಾತ್ರಿ ಸರ?”

ನೋಡಿದರೆ ಶರಣಪ್ಪ. ಮೇಲಿನ ಬಾಡಿಗೆ ಕೋಣೆಯವನು, ಯಾದಗಿರಿ ಕಡೆಯವನು, ಬಣ್ಣ ಬಳಿಯುವ ಕೆಲಸದವನು. ಮೇಲೆ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಹೇಳಲು ಬಂದವನು, ಹೇಳುವುದನ್ನು ಬಿಟ್ಟು ಬಾಗಿಲಲ್ಲೇ ಕುಳಿತಿದ್ದ. ಹಿಂದೆ ಅವನ ಹೆಂಡತಿ ಖಾಲಿ ಕೊಡ ಹಿಡಿದು ನಿಂತಿದ್ದಳು. ಮುನಿರೆಡ್ಡಿಯವರ ಸೊಸೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ್ದಳು.

“ಹ್ಞೂಂ ಸಾರ್, ಮಳೆ ಬಂತು, ಆಮೇಲೆ?” ಎಂದರು ಮುನಿರೆಡ್ಡಿಯವರು.

ನಾನು ಮತ್ತೆ ಕುಳಿತೆ. ಇರಚಲು ಒಳಗೆ ಹೊಡೆದು, ಕಿಟಕಿಯ ಕಡತವೇ ನೆನೆದು ಮುದ್ದೆಯಾಯಿತು. ಮರುದಿನ ಹೊಸ ಮೆಮೊ ಬಂತು: ‘ಕಡತವು ಒದ್ದೆಯಾಗಲು ಕಾರಣವೇನು?’

“ಅಂದ್ರ ಕಿಡಕಿ ಯಾರೂ ಮುಚ್ಚಲೇ ಇಲ್ಲೇನ್ರಿ?”

“ಮುಚ್ಚಲು ಆದೇಶವಿರಲಿಲ್ಲ” ಎಂದೆ.

ಶರಣಪ್ಪ ತೊಡೆ ತಟ್ಟಿಕೊಂಡು ನಕ್ಕ. “ನಿಮ್ಮ ಆಫೀಸಿಗಿಂತ ನಮ್ಮ ಮೇಸ್ತ್ರಿನೇ ಬೇಸಿ ಬಿಡ್ರಿ, ಬೈತಾನ ಖರೆ, ಬಾಯಿಲೇ ಬೈತಾನ!” ಮುನಿರೆಡ್ಡಿಯವರು ಕಣ್ಣೊರೆಸಿಕೊಂಡರು. “ಇಂಥವ್ರನ್ನ ಪಕ್ಕದಲ್ಲೇ ಇಟ್ಕೊಂಡು ನಾವು ಆ ಹಾಳು ಸೀರಿಯಲ್ ನೋಡ್ತಿದ್ವಲ್ಲೇ!” ಎಂದು ಒಳಗಿದ್ದ ತಮ್ಮ ಹೆಂಡತಿಯನ್ನು ಕೂಗಿ ಹೇಳಿದರು. ತೆಂಗಿನಕಾಯಿಯ ವಿಷಯವನ್ನು ನಾನು ಎತ್ತಲಿಲ್ಲ. ಅವರಿಗೆ ಅದು ಗೊತ್ತೇ ಇಲ್ಲವೆಂಬ ಅನುಮಾನ ನನಗಿದೆ. ಗೊತ್ತಿಲ್ಲದಿರುವುದು ಬೇರೆಯೇ ಒಂದು ಅಪರಾಧ, ಅದನ್ನು ಪ್ರತ್ಯೇಕವಾಗಿ ನೆನಪಿನಲ್ಲಿಟ್ಟಿದ್ದೇನೆ.

ದೂರಿನ ಸ್ಥಿತಿಗತಿಯನ್ನು ಆಗಾಗ ಪರಿಶೀಲಿಸಬೇಕಲ್ಲ, ಅದಕ್ಕೆ ಇಂಟರ್ನೆಟ್ ಬೇಕಲ್ಲ. ಹೀಗಾಗಿ ಮರುದಿನ ಸಂಜೆಯೂ ಹೋದೆ. ಅದರ ಮರುದಿನವೂ ಹೋದೆ. ಕುರ್ಚಿ ಮೊದಲೇ ಸಿದ್ಧವಾಗಿರುತ್ತಿತ್ತು. ಮೊಬೈಲು ಜೇಬಿನಲ್ಲೇ ಉಳಿಯುತ್ತಿತ್ತು. ಮೆಣಸಿನಕಾಯಿ ಬಜ್ಜಿ ಬರುತ್ತಿತ್ತು. ಶರಣಪ್ಪ ಕೆಲಸದಿಂದ ಬಂದು, ಬಣ್ಣದ ಕಲೆಗಳ ಕೈಯನ್ನು ತೊಳೆದು, “ನಿನ್ನೆ ಎಲ್ಲಿಗಿ ನಿಂದಿರ್ಸಿದ್ರಿ ಸರ?” ಎಂದು ಕೇಳುತ್ತಿದ್ದ. ನನ್ನ ಸೇವಾವಧಿಯ ಉದ್ದಕ್ಕೂ ನನಗಾದ ಅವಮಾನಗಳನ್ನು ಕಾಲಾನುಕ್ರಮವಾಗಿ ಹೇಳುತ್ತ ಬಂದೆ. ಇಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದ ಸಂಗತಿಗಳಿಗೆ ಜನ ಇಷ್ಟೊಂದು ನಗುತ್ತಾರೆಂದು ನನಗೆ ತಿಳಿದಿರಲಿಲ್ಲ. ಮೊದಲೆರಡು ಸಂಜೆ ಬೇಸರವಾಯಿತು. ಆಮೇಲೆ, ಎಲ್ಲಿ ನಗುತ್ತಾರೆಂದು ತಿಳಿದು, ಅಲ್ಲಿ ಸ್ವಲ್ಪ ನಿಲ್ಲಿಸುವುದನ್ನು ಕಲಿತೆ.

ನಿನ್ನೆ ಸಂಜೆ ಅಲ್ಲಿಂದ ಮನೆಗೆ ಬಂದಾಗ ಗೋಡೆಯ ಮೇಲೆ ಹೊಸ ಡಬ್ಬಿಯೊಂದು ಕುಳಿತು ಹಸಿರು ದೀಪ ಮಿಟುಕಿಸುತ್ತಿತ್ತು.

“ಕಂಪನಿಯೋರು ಬಂದು ಹಾಕ್ಕೊಟ್ಟು ಹೋದ್ರು ರೀ. ಓಟಿಪಿ ಕೇಳಿದ್ರು, ಕೊಟ್ಟೆ” ಎಂದಳು ವಿಮಲೆ. “ಸದ್ಯ, ಇನ್ನು ನೀವು ಅವ್ರ ಮನೆಗೆ ಹೋಗೋ ಕಷ್ಟ ತಪ್ತು.”

ರಂಗಸ್ವಾಮಿಯ ವಂದನಾರ್ಪಣೆಯ ಕತೆಯನ್ನು ಅರ್ಧಕ್ಕೆ ನಿಲ್ಲಿಸಿ ಬಂದಿದ್ದೆ. ಹಾರ ಹಾಕಿಕೊಂಡು ಕುಳಿತಲ್ಲಿಗೆ ನಿಂತಿದೆ. ಅಲ್ಲಿ ಶರಣಪ್ಪ ಇಂದಿನ ಸಂಜೆಗಾಗಿ ಕಾದಿದ್ದಾನೆ. ಇಲ್ಲಿ ನಾನು, ಯಾವ ನೆಪವೂ ಉಳಿಯದೆ, ಹಸಿರು ದೀಪದ ಎದುರು ನಿಂತಿದ್ದೇನೆ. ಆದ್ದರಿಂದ ಕಂಪನಿಯ ಸಂಬಂಧಪಟ್ಟ ಅಧಿಕಾರಿಗಳಲ್ಲಿ ಒಂದೇ ಒಂದು ಪ್ರಶ್ನೆ: ಸರಿಪಡಿಸಿರೆಂದು ನಾನು ಗೋಗರೆದಾಗ ಸರಿಪಡಿಸದೆ ಮುಚ್ಚಿದ ದೂರನ್ನು, ನಾನು ಸುಖವಾಗಿದ್ದಾಗ ತೆರೆದು ಸರಿಪಡಿಸಲು ನಿಮಗೆ ಹೇಳಿದವರು ಯಾರು ಸ್ವಾಮಿ?