ತೊಂಬತ್ತೇಳು ಕಿಲೋಮೀಟರಿನ ಮಾವ

ಜಗತ್ತಿನ ಯಾವ ದೇಶದ ಹೆದ್ದಾರಿಯಲ್ಲಿ ಎಷ್ಟು ವೇಗದಲ್ಲಿ ಹೋಗಬಹುದು ಎಂಬುದು ನಮ್ಮ ಸೋದರಮಾವನಿಗೆ ಬಾಯಿಪಾಠ. ಜರ್ಮನಿ ಗೊತ್ತು, ಪೋಲೆಂಡ್ ಗೊತ್ತು, ನಾರ್ವೆ ಗೊತ್ತು. ಗೊತ್ತಿಲ್ಲದ್ದು ಒಂದೇ, ಅವರ ಸ್ವಂತ ಕಾರಿನ ಐದನೇ ಗೇರು! ಶೋರೂಮಿನಿಂದ ಬಂದು ಹದಿನಾಲ್ಕು ವರ್ಷವಾದರೂ ಆ ಬಿಳಿ ಕಾರಿನ ಐದನೇ ಗೇರಿಗೆ ಇನ್ನೂ ಮಾವನ ಕೈ ತಾಗಿಲ್ಲ. ನಾಳೆ ಮಾರುವಾಗ ಜಾಹೀರಾತಿನಲ್ಲಿ 'ಐದನೇ ಗೇರು ಹೊಚ್ಚ ಹೊಸದು' ಎಂದು ಧೈರ್ಯವಾಗಿ ಹಾಕಬಹುದು.

ಮಾವ ಇರುವುದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಕಾರ್ಖಾನೆಯ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರು. ನಾನು ಶಿವಮೊಗ್ಗದ ಆಲ್ಕೊಳದಲ್ಲಿದ್ದೇನೆ, ಹೈಸ್ಕೂಲು ಟೀಚರು. ನಮ್ಮಿಬ್ಬರ ನಡುವೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಬಸ್ಸಿನವನು ಮುಕ್ಕಾಲು ಗಂಟೆಯಲ್ಲಿ ಇಳಿಸುತ್ತಾನೆ. ಮಾವನ ಕಾರಿನಲ್ಲಾದರೆ ದಾರಿಯಲ್ಲಿ ಹಸಿವಾಗುತ್ತದೆ!

ನನಗೋ ಆತಂಕ ಎಂಬುದು ಹುಟ್ಟುಗುಣ. ಹತ್ತು ಗಂಟೆಯ ಬಸ್ಸಿಗೆ ಒಂಬತ್ತಕ್ಕೆ ಹೋಗಿ ನಿಂತು, ಎಂಟೂವರೆಗೇ ಹೊರಟುಹೋಯಿತೇನೋ ಎಂದು ಬೆವರುವವಳು ನಾನು. ಇಂಥವಳನ್ನು ಮಾವನ ಪಕ್ಕದ ಸೀಟಿನಲ್ಲಿ ಕೂರಿಸಿದರೆ ಏನಾದೀತು? ಒಮ್ಮೆ ಗಾಜನೂರಿನಲ್ಲಿ ನೆಂಟರ ಮನೆಯ ನಾಮಕರಣ. ಮಾವನ ಸ್ಪೀಡೋಮೀಟರಿನ ಮುಳ್ಳು ಮೂವತ್ತೆಂಟರಲ್ಲಿ ಅಂಟಿಕೊಂಡಿತ್ತು. ಲಾರಿ ಹೋಯಿತು, ಟ್ರಾಕ್ಟರ್ ಹೋಯಿತು, ಹುಲ್ಲು ಹೇರಿಕೊಂಡ ಗೂಡ್ಸ್ ಆಟೋ ಹೋಯಿತು. ಕೊನೆಗೆ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡಿನವನು ಪಕ್ಕಕ್ಕೆ ಬಂದು, ಕಿಟಕಿಯೊಳಗೆ ಬಗ್ಗಿ, "ಏನಾದ್ರೂ ತೊಂದ್ರೇನಾ ಸಾರ್? ಮೆಕ್ಯಾನಿಕ್ ಕಳಿಸ್ಲಾ?" ಎಂದು ಕೇಳಿದ. ನಾನು ನಾಚಿಕೆಯಿಂದ ಸೆರಗು ಎಳೆದುಕೊಂಡೆ. ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಪೋಲೆಂಡಲ್ಲಿ ನೂರ ನಲವತ್ತು ಕಣೇ" ಎಂದರು.

"ಮಾವ, ನಾವು ಗಾಜನೂರಿಗೆ ಹೋಗ್ತಿದೀವಿ."

"ಅದಕ್ಕೇ ಹೇಳ್ತಿರೋದು. ನೂರ ನಲವತ್ತು ಅಂದ್ರೆ ಮಿತಿ. ಅಷ್ಟರಲ್ಲೇ ಹೋಗ್ಬೇಕು ಅಂತ ಯಾರಾದ್ರೂ ಹೇಳಿದಾರಾ?"

ನಾವು ತಲುಪುವಷ್ಟರಲ್ಲಿ ಮಗುವಿಗೆ ಹೆಸರಿಟ್ಟಾಗಿತ್ತು, ಊಟವಾಗಿತ್ತು, ಮಗು ಒಂದು ನಿದ್ದೆಯನ್ನೂ ಮುಗಿಸಿ ಎದ್ದಿತ್ತು.

ಮನೆಯಲ್ಲೂ ಇದೇ ಪಾಠ. ಅತ್ತೆ ದೋಸೆ ಹಾಕುತ್ತಿದ್ದರೆ ಮಾವ ತಟ್ಟೆಯ ಮುಂದೆ ಕುಳಿತು, "ಫ್ರಾನ್ಸಲ್ಲಿ ನೂರ ಮೂವತ್ತು, ಮಳೆ ಬಂದ್ರೆ ಮಾತ್ರ ನೂರ ಹತ್ತು. ಎಂಥಾ ಶಿಸ್ತು ನೋಡು!" ಎನ್ನುತ್ತಿದ್ದರು. ಅತ್ತೆ ಕಾವಲಿಯಿಂದ ಕಣ್ಣು ತೆಗೆಯದೆ, "ನಮ್ಮನೇಲಿ ಮಳೆ ಬಂದ್ರೆ ಒಣಗ್ಹಾಕಿರೋ ಬಟ್ಟೆ ತೆಗೀಬೇಕು, ಅಷ್ಟು ಶಿಸ್ತು ಮೊದ್ಲು ಕಲೀರಿ" ಎನ್ನುತ್ತಿದ್ದರು.

ಸಂಜೆಯ ಸಭೆ ಟೀ ಅಂಗಡಿಯಲ್ಲಿ. ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದ ಸೆಲ್ವಂ ಮಾವನ ಜೀವದ ಗೆಳೆಯ ಮತ್ತು ಖಾಯಂ ವಿರೋಧ ಪಕ್ಷ. ಯಾವ ಎಂಜಿನ್ನು ದೊಡ್ಡದು, ಯಾವ ಬ್ರೇಕು ಒಳ್ಳೆಯದು ಎಂದು ಇಬ್ಬರೂ ತಾವು ಕಣ್ಣಲ್ಲೂ ಕಾಣದ ಕಾರುಗಳ ಬಗ್ಗೆ ಗ್ಲಾಸು ತಣ್ಣಗಾಗುವವರೆಗೆ ಜಗಳವಾಡುತ್ತಾರೆ. ಒಂದು ದಿನ ಮಾವ, "ಜರ್ಮನೀಲಿ ಎಷ್ಟೋ ಕಡೆ ಮಿತೀನೇ ಇಲ್ಲ ಕಣಯ್ಯಾ!" ಎಂದು ಕೈಯೆತ್ತಿ ಘೋಷಿಸಿದರು. ಸೆಲ್ವಂ ಟೀ ಹೀರಿ, "ನಿಮ್ಗೂ ಎಲ್ಲಿದೆ ಸಾರ್ ಮಿತಿ? ಅವರಿಗೆ ಸ್ಪೀಡಲ್ಲಿಲ್ಲ, ನಿಮ್ಗೆ ಸ್ಲೋದಲ್ಲಿಲ್ಲ" ಎಂದ. ಅವತ್ತಿನ ಟೀ ದುಡ್ಡು ಮಾವ ಕೊಡಲಿಲ್ಲವಂತೆ.

ಇಂಥ ಮಾವನ ಕಾರನ್ನು ಅವರಿಗೆ ಹೇಳದೆ ನಾನು ತೆಗೆದುಕೊಂಡು ಹೋದೆ. ಅದನ್ನೀಗ ಹೇಳಿಬಿಡುತ್ತೇನೆ.

ಫೆಬ್ರವರಿಯ ಬಿಸಿಲು. ಹಪ್ಪಳ ಮಾಡಲು ಅತ್ತೆ ಕರೆದಿದ್ದರೆಂದು ಒಂದು ದಿನ ರಜೆ ಹಾಕಿ ಭದ್ರಾವತಿಗೆ ಹೋಗಿದ್ದೆ. ಮಾವ ಪಿಂಚಣಿದಾರರ ಸಭೆಗೆಂದು ಸೆಲ್ವಂನ ಸ್ಕೂಟರಿನಲ್ಲಿ ಹೋಗಿದ್ದರು, ಬರುವುದು ಸಂಜೆ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ನನ್ನ ಫೋನು ಹೊಡೆದುಕೊಂಡಿತು. ಶಿವಮೊಗ್ಗದ ಆಸ್ಪತ್ರೆಯಿಂದ. "ಮೇಡಂ, ನಿಮ್ಮ ರಿಪೋರ್ಟ್ ಬಂದಿದೆ. ನೀವೇ ಬರ್ಬೇಕಂತೆ. ಡಾಕ್ಟರು ಒಂದು ಗಂಟೆಗೆ ಹೊರಟ್ರೆ ಇನ್ನು ಸೋಮವಾರವೇ."

ಕುತ್ತಿಗೆಯಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಗಂಟು. ಅದು ಕೈಗೆ ಸಿಕ್ಕಿ ತಿಂಗಳಾಗಿತ್ತು. ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದ್ದರು. ಮಗಳಿಗೆ ಪಿಯುಸಿ ಪರೀಕ್ಷೆ ಹತ್ತಿರ ಬಂದಿತ್ತು. ನನ್ನವರಿಗೆ ಹೇಳಿದರೆ ಅವರ ಮುಖ ನೋಡಿಯೇ ಅವಳಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಯಾರಿಗೂ ಹೇಳಿರಲಿಲ್ಲ. ಬಸ್ಸು ಹಿಡಿದು, ಆಮೇಲೆ ಆಟೋ ಹಿಡಿದು ಹೋದರೆ ಒಂದು ದಾಟುತ್ತದೆ. ಸೋಮವಾರದವರೆಗೆ ಕಾಯುವುದೇ? ನಾನೇ? ಸೋಮವಾರ ಬರುವಷ್ಟರಲ್ಲಿ ನಾನು ನಾಲ್ಕು ಸಲ ಸತ್ತು ನನ್ನ ತಿಥಿ ಊಟದ ಪಟ್ಟಿಯನ್ನೂ ಮಾಡಿರುತ್ತಿದ್ದೆ!

"ಅತ್ತೆ, ಹೆಡ್‌ಮಾಸ್ಟ್ರು ಅರ್ಜೆಂಟಾಗಿ ಕರೀತಿದಾರೆ. ಕಾರಿನ ಕೀ ಕೊಡಿ."

ಅತ್ತೆಯ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. "ಕಾರಾ? ನಿಮ್ಮಾವ ಅದರ ಟೈರಿಗೆ ಗಾಳಿ ಹಾಕೋಕೂ ಬೇರೆಯವರನ್ನ ಬಿಡಲ್ಲ ಕಣೇ!"

"ಅವರು ಬರೋದ್ರೊಳಗೆ ತಂದು ನಿಲ್ಲಿಸ್ತೀನಿ."

ಅತ್ತೆ ನನ್ನ ಮುಖ ನೋಡಿದರು. ಏನು ಕಂಡಿತೋ, ಮೊಳೆಯಿಂದ ಕೀ ತೆಗೆದು ಕೊಟ್ಟರು.

ಲೈಸೆನ್ಸ್ ಬಂದು ಎಂಟು ವರ್ಷ, ಕಾರು ಓಡಿಸಿದ್ದು ಎಂಟು ಸಲ ಎಂಬಂಥ ಚಾಲಕಿ ನಾನು. ಸೀಟನ್ನು ಮುಂದಕ್ಕೆ ಎಳೆದುಕೊಂಡೆ. ಕೈಗೆ ಉದ್ದಿನ ಹಿಟ್ಟು ಅಂಟಿತ್ತು, ಸ್ಟೇರಿಂಗು ಜಾರುತ್ತಿತ್ತು. ಊರು ದಾಟಿ ನಾಲ್ಕು ಪಥದ ರಸ್ತೆ ಸಿಕ್ಕಿದ್ದು ನೆನಪಿದೆ. ಆಮೇಲೆ ರಸ್ತೆ ನೆನಪಿಲ್ಲ. ಡಾಕ್ಟರು ಬ್ಯಾಗು ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿರುವುದೇ ಕಣ್ಣ ಮುಂದೆ. 'ನೀವೇ ಬರಬೇಕಂತೆ' ಎಂದರೆ ಏನರ್ಥ? ಒಳ್ಳೆಯ ಸುದ್ದಿಯಾದರೆ ಫೋನಿನಲ್ಲೇ ಹೇಳುತ್ತಿರಲಿಲ್ಲವೇ? ಐದನೇ ಗೇರು ಯಾವಾಗ ಹಾಕಿದೆನೋ ದೇವರಿಗೇ ಗೊತ್ತು. ರಸ್ತೆಯ ಕ್ಯಾಮೆರಾಕ್ಕೂ ಗೊತ್ತು ಎಂಬುದು ಆಮೇಲೆ ತಿಳಿಯಿತು.

ಡಾಕ್ಟರು ಸಿಕ್ಕರು. ಸೂಜಿ ಪರೀಕ್ಷೆಯಲ್ಲಿ ಹೌದೆಂದೂ ಹೇಳಲಾಗದು, ಇಲ್ಲವೆಂದೂ ಹೇಳಲಾಗದು, ಗಂಟು ತೆಗೆದು ನೋಡಿದರೆ ಮಾತ್ರ ಖಾತ್ರಿ ಎಂದರು. ಹೌದು ಎನ್ನುವುದನ್ನಾದರೂ ತಡೆದುಕೊಳ್ಳಬಹುದು, ಇದನ್ನು ತಡೆದುಕೊಳ್ಳುವುದು ಹೇಗೆ? ತಿರುಗಿ ಬರುವಾಗ ನಾನೂ ಮೂವತ್ತೆಂಟರಲ್ಲೇ ಬಂದೆ. ಕೀಯನ್ನು ಮೊಳೆಗೆ ಹಾಕಿ, ಉಳಿದ ಹಪ್ಪಳ ಲಟ್ಟಿಸಿ, ಬಸ್ಸು ಹತ್ತಿದೆ.

ಹನ್ನೆರಡು ದಿನದ ನಂತರ ಅತ್ತೆಯ ಫೋನು. ದನಿಯಲ್ಲಿ ನಗು, ಗಾಬರಿ ಎರಡೂ.

"ಕೇಳಿದ್ಯೇನೇ? ನಿಮ್ಮಾವನ ಫೋನಿಗೆ ದಂಡದ ಮೆಸೇಜ್ ಬಂದಿದೆ. ಎಂಬತ್ತರ ರಸ್ತೇಲಿ ತೊಂಬತ್ತೇಳಂತೆ! ಅವತ್ತಿಂದೇ ಕಣೇ. ನಾನು ಬಾಯಿ ಬಿಡೋದ್ರೊಳಗೆ ಇವರು 'ನಾನೇ ಓಡಿಸಿದ್ದು' ಅಂತಿದಾರೆ! ಬೀದಿಗೆಲ್ಲಾ ತೋರಿಸ್ಕೊಂಡು ಬರ್ತಿದಾರೆ!"

ಮಾವನಿಗೆ ಮರೆವು ಬಂತೇ? ಅಥವಾ ಗೊತ್ತಾಗಿಬಿಟ್ಟಿದೆಯೇ? ಗೊತ್ತಾಗಿದ್ದರೆ ನನ್ನವರಿಗೂ ಹೇಳಿದ್ದಾರೆಯೇ? ಸಂಜೆ ಶಾಲೆ ಬಿಟ್ಟವಳು ಮನೆಗೂ ಹೋಗದೆ ಭದ್ರಾವತಿಯ ಬಸ್ಸು ಹತ್ತಿದೆ. ತಪ್ಪೊಪ್ಪಿಗೆಯನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬರೆದು ಹೊಡೆದುಹಾಕಿದೆ.

ಟೀ ಅಂಗಡಿಯ ಮುಂದೆ ಜನ ಸೇರಿತ್ತು. ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾವ. ಹೆಗಲ ಮೇಲೆ ಸೆಲ್ವಂ ಹೊದಿಸಿದ ಟರ್ಕಿ ಟವೆಲ್ಲು, ಕೊರಳಲ್ಲಿ ಚೆಂಡುಹೂವಿನ ಹಾರ! ಸೆಲ್ವಂ ಭಾಷಣ ಮಾಡುತ್ತಿದ್ದ.

"ಐಯೋ, ಹದಿನಾಲ್ಕು ವರ್ಷ ಈ ಮನುಷ್ಯನನ್ನ ಎಷ್ಟು ಆಡ್ಕೊಂಡ್ವಿ! ಕಾಲು ಹಿಡೀತೀನಿ ಸಾರ್, ಹೇಳಿ, ತೊಂಬತ್ತೇಳರಲ್ಲಿ ಹೆಂಗಿರುತ್ತೆ?"

ಮಾವ ಗಂಟಲು ಸರಿಮಾಡಿಕೊಂಡರು. "ರಸ್ತೆ ಖಾಲಿ ಇತ್ತಪ್ಪ. ಕಾಲು ತಾನೇ ಒತ್ತಿಬಿಡ್ತು."

"ಅವತ್ತು ನಾವು ಸಭೇಲಿರ್ಲಿಲ್ವಾ?" ಎಂದು ಯಾರೋ ಕೇಳಿದರು.

"ನಡುವೆ ಊಟಕ್ಕೆ ಬಿಟ್ಟಿದ್ರಲ್ಲ, ಹೋಗಿ ಬಂದೆ" ಎಂದರು ಮಾವ. ಊಟದ ಬಿಡುವಿನಲ್ಲಿ ಮಾವ ಶಿವಮೊಗ್ಗಕ್ಕೆ ಹೋಗಿ ಬಂದರಂತೆ! ಅದನ್ನು ನಂಬಿ ಚಪ್ಪಾಳೆ ತಟ್ಟಿದ ಆ ಜನರ ಬಗ್ಗೆ ನನಗೆ ಕನಿಕರವಾಯಿತು. ಆಗ ಮಾವ ನನ್ನನ್ನು ನೋಡಿದರು. ಹಾರ ತೆಗೆದು ಸೆಲ್ವಂನ ಕೊರಳಿಗೆ ಹಾಕಿ, "ಬಾರೇ, ನಿನ್ನ ಶಿವಮೊಗ್ಗಕ್ಕೆ ಬಿಟ್ಟು ಬರ್ತೀನಿ" ಎಂದು ಎದ್ದರು.

ಕಾರು ಹೊರಟಿತು. ಊರು ದಾಟಿದರೂ ಮಾವನ ಬಾಯಿಂದ ಒಂದು ದೇಶದ ಹೆಸರೂ ಬರಲಿಲ್ಲ.

"ಮಾವ, ಅವತ್ತು..."

"ಗೊತ್ತು ಕಣೇ. ಅವತ್ತು ಸಂಜೆ ಕಾರಿಗೆ ಹತ್ತಿದ್ರೆ ಮೊಣಕಾಲು ಸ್ಟೇರಿಂಗಿಗೆ ಬಡೀತು. ನಮ್ಮನೇಲಿ ಅಷ್ಟು ಮುಂದೆ ಸೀಟು ಎಳ್ಕೊಳ್ಳೋ ಕುಳ್ಳಿ ಇನ್ಯಾರಿದಾರೆ?" ಅಂಗಿಯ ಜೇಬಿನಿಂದ ಮಡಚಿದ ಸಣ್ಣ ಚೀಟಿಯೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟರು. ಆಸ್ಪತ್ರೆಯ ಪಾರ್ಕಿಂಗ್ ಚೀಟಿ. "ಮ್ಯಾಟಿನ ಮೇಲೆ ಬಿದ್ದಿತ್ತು. ಮೆಸೇಜ್ ಬಂದಾಗ ಎಲ್ಲರೂ ನಿನ್ನ ಕೇಳ್ತಾರಲ್ಲ, ಎಲ್ಲಿಗೆ ಹೋಗಿದ್ದೆ, ಯಾಕೆ ಹೋಗಿದ್ದೆ ಅಂತ. ಅದಕ್ಕೇ ನಾನೇ ಅಂದ್ಬಿಟ್ಟೆ."

"ಕೇಳ್ಬಹುದಿತ್ತಲ್ಲ ಮಾವ, ನೀವಾದ್ರೂ."

"ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ. ನಂಗೇನು ಅವಸರ?"

ನಾನು ಹೇಳಿದೆ. ಗಂಟು, ಸೂಜಿ, ಡಾಕ್ಟರು, ರಾತ್ರಿಗಳು, ಎಲ್ಲವನ್ನೂ. ಮಾವ ಇಂಡಿಕೇಟರ್ ಹಾಕಿ, ಕಾರನ್ನು ರಸ್ತೆಯ ಪಕ್ಕಕ್ಕೆ ತಂದು, ಎಂಜಿನ್ನು ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು ಕೇಳಿಸಿಕೊಂಡರು. ಲೇತಿನಿಂದ ಹಾರಿದ ಬಿಸಿ ಕಬ್ಬಿಣದ ಸಿಬರು ಸುಟ್ಟು ಗುರುತು ಮಾಡಿದ ಅವರ ಕೈ ಗೇರಿನ ಮೇಲೇ ಇತ್ತು.

"ಆಪರೇಷನ್ ಯಾವತ್ತು?"

"ಮಗಳ ಪರೀಕ್ಷೆ ಮುಗಿದ ಮಾರನೇ ದಿನ. ಬೆಳಿಗ್ಗೆ ಎಂಟಕ್ಕೆ ಬರೋಕೆ ಹೇಳಿದಾರೆ."

"ಇವತ್ತು ಹೋದ ತಕ್ಷಣ ನಿನ್ನ ಗಂಡನಿಗೆ ಹೇಳು. ಅವನು ಪಾಪ, ನೀನು ಹೇಳ್ದೆ ಇದ್ದೆ ಅಂತ ಆಮೇಲೆ ಜೀವನಪೂರ್ತಿ ಕೊರಗ್ತಾನೆ. ಅವತ್ತು ಕಾರು ನಾನು ತರ್ತೀನಿ. ಇನ್ಮೇಲೆ ಒಬ್ಬಳೇ ಹೋಗ್ಬೇಡ ಮಾರಾಯ್ತಿ." ಕೀ ತಿರುಗಿಸುತ್ತಾ, "ಐದೂವರೆಗೇ ನಿಮ್ಮನೆ ಬಾಗ್ಲಲ್ಲಿರ್ತೀನಿ" ಎಂದರು. ಆಲ್ಕೊಳದಿಂದ ಆ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ! ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

ಅವತ್ತು ಮಾವ ಬಂದದ್ದು ಐದಕ್ಕೇ. ಆಪರೇಷನ್ ಆಯಿತು, ನಾಲ್ಕನೇ ದಿನ ಮನೆಗೆ ಬಂದೆ. ತೆಗೆದ ಗಂಟನ್ನು ಮತ್ತೆ ಪರೀಕ್ಷೆಗೆ ಕಳಿಸಿದ್ದರು. ಅದರ ವರದಿ ಬಂದ ದಿನ, ಹೋಗಿ ತರುವ ಧೈರ್ಯ ನನಗೂ ಇರಲಿಲ್ಲ, ನನ್ನವರಿಗೂ ಇರಲಿಲ್ಲ. ಮಾವ ತಾವೇ ಹೋದರು. ಹನ್ನೊಂದು ಗಂಟೆಗೆ ಫೋನು ಬಂತು. ಡಾಕ್ಟರು ಇನ್ನೂ ಒಳಗಿದ್ದಾರೆ, ಕಾಗದ ಮಾತ್ರ ಕೈಗೆ ಕೊಟ್ಟಿದ್ದಾರೆ ಎಂದರು.

"ಏನೇನೋ ಬರೆದಿದಾರೆ ಕಣೇ. ಕೊನೇಲಿ ಒಂದು ಪದ ದಪ್ಪಕ್ಷರದಲ್ಲಿದೆ. ಸ್ಪೆಲ್ಲಿಂಗ್ ಹೇಳ್ತೀನಿ, ನೋಡು. ಬಿ... ಇ... ಎನ್... ಐ..."

ಒಂದೊಂದು ಅಕ್ಷರಕ್ಕೂ ನಿಲ್ಲಿಸಿ, ಕಾಗದವನ್ನು ಕಣ್ಣಿಗೆ ಹತ್ತಿರ ತಂದು, ಸರಿಯಾಗಿದೆಯೇ ಎಂದು ನೋಡಿ ಮುಂದಕ್ಕೆ ಹೋಗುತ್ತಿದ್ದಿರಬೇಕು. ಅವರು ಜಿ ಎನ್ನುವಷ್ಟರಲ್ಲಿ ನನಗೆ ಪದ ತಿಳಿದಿತ್ತು.

"ಎನ್. ಮುಗೀತು. ಹಂಗಂದ್ರೆ ಏನೇ? ಹೇಳೇ ಬೇಗ!"

"ಒಳ್ಳೇದು ಮಾವ. ಬಿನೈನ್ ಅಂದ್ರೆ ಕೆಟ್ಟ ಗಂಟಲ್ಲ ಅಂತ. ಏನೂ ಇಲ್ವಂತೆ ಮಾವ."

ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ನಾನೇನಾದ್ರೂ ತಪ್ಪು ಓದಿದ್ನೇನೋ. ಇರು, ಇನ್ನೊಂದ್ಸಲ ಓದ್ತೀನಿ, ಕೇಳು" ಎಂದರು. ಒಡೆದ ದನಿಯಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದರು. "ಬಿ..."